ಹಳಿ ಮುಗಿದ ಮೇಲಿನ ಹಾದಿ

ಸಾಗರ ತಾಲ್ಲೂಕಿನ ತಾಳಗುಪ್ಪ ಒಂದು ಸಣ್ಣ ಊರು. ಬೆಂಗಳೂರು, ಮೈಸೂರುಗಳ ಕಡೆಯಿಂದ ಹೊರಟ ರೈಲು ಶಿವಮೊಗ್ಗ, ಆನಂದಪುರ, ಸಾಗರಗಳನ್ನು ದಾಟಿ ಬಂದು ಇಲ್ಲಿ ನಿಲ್ಲುತ್ತದೆ. ಮುಂದೆ ಹಳಿಯಿಲ್ಲ. ಜೋಗದ ಜಲಪಾತವನ್ನು ನೋಡಬೇಕೆನ್ನುವವರು ಇಲ್ಲಿ ಇಳಿದು ಬೇರೆ ಹಾದಿಯನ್ನು ಹಿಡಿಯಬೇಕು. ಹಳಿಯು ಪ್ರಯಾಣಿಕನನ್ನು ಇಷ್ಟು ದೂರ ತಂದಿತೆಂಬುದು ನಿಜ. ಆದರೆ ಅವನು ನೋಡಬಂದ ವಸ್ತು ಹಳಿಯ ಕೊನೆಯಲ್ಲಿಲ್ಲ, ಅದರಾಚೆಗಿದೆ.

ಸಂಗೀತವನ್ನು ಕಲಿಯುವವರ ಬಾಳಿನಲ್ಲಿಯೂ ಇಂಥದೊಂದು ನಿಲ್ದಾಣ ಬರುತ್ತದೆ. ಸರಳೆ, ಜಂಟಿವರಸೆ, ಅಲಂಕಾರಗಳ ಅಭ್ಯಾಸವು ಮುಗಿದಿರುತ್ತದೆ. ಗೀತೆ, ವರ್ಣ, ಕೀರ್ತನೆಗಳು ಬಾಯಿಪಾಠವಾಗಿರುತ್ತವೆ. ಆಗೊಂದು ದಿನ ಗುರುವು, “ಪುಸ್ತಕವನ್ನು ಮುಚ್ಚು. ಇದೇ ರಾಗದಲ್ಲಿ ನಿನಗೆ ತೋರಿದಂತೆ ನಾಲ್ಕು ಸ್ವರ ಹಾಡು” ಎನ್ನುತ್ತಾನೆ. ಅಲ್ಲಿಯವರೆಗೆ ನಿರ್ಭಯವಾಗಿ ಹಾಡುತ್ತಿದ್ದ ಕಂಠವು ಆ ಒಂದು ಮಾತಿಗೆ ಕಟ್ಟಿಹೋಗುತ್ತದೆ. ಹಾಡುವುದಕ್ಕೆ ಸ್ವರಗಳಿಲ್ಲವೆಂದಲ್ಲ, ಯಾವುದನ್ನು ಆರಿಸಬೇಕೆಂದು ಹೇಳುವವರಿಲ್ಲವೆಂದು. ಕರ್ನಾಟಕ ಸಂಗೀತವು ಈ ಆಯ್ಕೆಯ ಸ್ವಾತಂತ್ರ್ಯವನ್ನು ಮನೋಧರ್ಮವೆಂದು ಕರೆಯಿತು. ಅಮೆರಿಕೆಯ ಕರಿಯ ಜನರ ನಡುವೆ ಹುಟ್ಟಿದ ಬ್ಲೂಸ್ ಮತ್ತು ಜಾಝ್ ಎಂಬ ಸಂಗೀತಗಳಿಗೆ ಇದೇ ಪ್ರಾಣ.

ಮಲೆನಾಡಿನವರಿಗೆ ಈ ವಿದ್ಯೆ ಹೊಸದೇನೂ ಅಲ್ಲ. ಮಳೆಗಾಲದ ರಾತ್ರಿಗಳಲ್ಲಿ ನಡೆಯುವ ತಾಳಮದ್ದಳೆಯನ್ನು ನೆನೆದರೆ ಸಾಕು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತನು ಪ್ರಸಂಗದ ಪದ್ಯವನ್ನು ಹಾಡುತ್ತಾನೆ. ಅದು ಎಂದೋ ಬರೆದಿಟ್ಟದ್ದು. ಆದರೆ ಪದ್ಯವು ಮುಗಿದೊಡನೆ ಅರ್ಥಧಾರಿಯು ಆಡುವ ಮಾತು ಎಲ್ಲಿಯೂ ಬರೆದುದಲ್ಲ. ಪದ್ಯದ ಆಶಯವನ್ನು ಅವನು ಮೀರುವಂತಿಲ್ಲ. ಆ ಎಲ್ಲೆಯೊಳಗೆ ಎಷ್ಟು ದೂರವಾದರೂ ಹೋಗಬಹುದು. ಎದುರಿಗೆ ಕುಳಿತವನು ಏನು ಪ್ರಶ್ನೆ ಹಾಕುವನೋ ಇವನಿಗೆ ತಿಳಿಯದು. ಆದುದರಿಂದ ಒಳ್ಳೆಯ ಅರ್ಥಧಾರಿಗೆ ನಾಲಗೆಗಿಂತ ಮೊದಲು ಕಿವಿ ಇರಬೇಕು. ಜಾಝ್ ವಾದಕರ ಗೋಷ್ಠಿಯೂ ಹೀಗೆಯೇ ನಡೆಯುತ್ತದೆ. ಮೊದಲು ಎಲ್ಲರೂ ಕೂಡಿ ಒಂದು ಗೊತ್ತಾದ ರಾಗಬಂಧವನ್ನು ನುಡಿಸುತ್ತಾರೆ. ಬಳಿಕ ಒಬ್ಬೊಬ್ಬರಾಗಿ, ಅದೇ ಬಂಧದ ಅಳತೆಯೊಳಗೆ, ತಮಗೆ ತೋರಿದುದನ್ನು ಹೇಳುತ್ತಾರೆ. ಕೊನೆಗೆ ಮತ್ತೆ ಎಲ್ಲರೂ ಮೊದಲಿನ ಬಂಧಕ್ಕೆ ಬಂದು ಸೇರುತ್ತಾರೆ.

ಬ್ಲೂಸ್ ಹುಟ್ಟಿದ ನೆಲವನ್ನು ತಿಳಿಯದೆ ಅದರ ಸ್ವರಗಳನ್ನು ಮಾತ್ರ ಕಲಿತರೆ ಪ್ರಯೋಜನವಿಲ್ಲ. ಆಫ್ರಿಕದಿಂದ ಬಲಾತ್ಕಾರವಾಗಿ ಹಡಗುಗಳಲ್ಲಿ ತುಂಬಿ ತಂದ ಜನರನ್ನು ಅಮೆರಿಕೆಯ ದಕ್ಷಿಣ ಭಾಗದ ಹತ್ತಿಯ ಹೊಲಗಳಲ್ಲಿ ಗುಲಾಮರನ್ನಾಗಿ ದುಡಿಸಿದರು. 1865ರಲ್ಲಿ ಗುಲಾಮಗಿರಿ ಕಾನೂನಿನಿಂದ ಅಳಿಯಿತು. ಬಡತನ, ಅವಮಾನಗಳು ಅಳಿಯಲಿಲ್ಲ. ಆ ಜನರಿಂದ ನೆಲವನ್ನೂ ನುಡಿಯನ್ನೂ ಹೆಸರನ್ನೂ ಕಿತ್ತುಕೊಳ್ಳಲಾಗಿತ್ತು. ಕಿತ್ತುಕೊಳ್ಳಲಾಗದೆ ಉಳಿದದ್ದು ದನಿ ಮತ್ತು ಲಯ. ಹೊಲದಲ್ಲಿ ಒಬ್ಬನು ಕೂಗಿ ಹಾಡಿದ ಸಾಲಿಗೆ ಉಳಿದವರು ಓಗೊಡುತ್ತಿದ್ದರು. ಆ ಕೂಗು ಮತ್ತು ಓಗೊಡುವಿಕೆಗಳಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಬ್ಲೂಸ್ ರೂಪುಗೊಂಡಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂ ಆರ್ಲಿಯನ್ಸ್ ನಗರದಲ್ಲಿ ಜಾಝ್ ಬೆಳೆಯಿತು.

ತಾಳಗುಪ್ಪದ ಸೀಮೆಗೆ ಈ ದುಃಖದ ಒಂದು ಎಳೆಯಾದರೂ ಅರ್ಥವಾಗದೆ ಇರದು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಬಂದಾಗ ಇದೇ ತಾಲ್ಲೂಕಿನ ಎಷ್ಟೋ ಊರುಗಳು ನೀರಿನ ಕೆಳಗಾದವು. ‘ಮುಳುಗಡೆ’ ಎಂಬುದು ಇಲ್ಲಿ ಬರಿಯ ಪದವಲ್ಲ, ಒಂದು ತಲೆಮಾರಿನ ನೆನಪು. ಗದ್ದೆ, ತೋಟ, ದೇವರ ಬನಗಳನ್ನು ಹೊತ್ತು ಹೋಗಲಾಗದು. ಹಾಡನ್ನು ಹೊತ್ತು ಹೋಗಬಹುದು. ಗುಲಾಮರ ಸಂಕಟಕ್ಕೂ ಮುಳುಗಡೆಯವರ ಸಂಕಟಕ್ಕೂ ಸಮಾನತೆಯನ್ನು ಕಲ್ಪಿಸುವುದು ತಪ್ಪಾದೀತು. ಆದರೆ ನೆಲ ಕಳೆದುಕೊಂಡವರಿಗೆ ಹಾಡು ಏಕೆ ಅಷ್ಟು ದೊಡ್ಡ ಆಸ್ತಿಯೆಂಬುದು ಎರಡೂ ಕಡೆ ತಿಳಿದ ವಿಷಯ. ದೀಪಾವಳಿಯ ರಾತ್ರಿಗಳಲ್ಲಿ ದೀಪವನ್ನು ಹಿಡಿದು ಮನೆಯಿಂದ ಮನೆಗೆ ಹೋಗುವ ಅಂಟಿಗೆ-ಪಂಟಿಗೆಯವರ ಹಾಡಿನಲ್ಲಿಯೂ ಮುಂದೆ ಹೇಳುವವರು, ಹಿಂದೆ ಎತ್ತಿಕೊಳ್ಳುವವರು ಇರುತ್ತಾರೆ. ಕರೆಗೆ ಮರುದನಿ ಕೊಡುವ ಈ ಕ್ರಮವು ಬ್ಲೂಸಿಗೂ ತಳಹದಿಯಾಗಿದೆ.

ಇನ್ನು ಸ್ವರಗಳ ವಿಚಾರ. ಬ್ಲೂಸ್ ಕಲಿಯುವವರಿಗೆ ಮೊದಲು ಕೊಡುವ ಸ್ವರಶ್ರೇಣಿಯಲ್ಲಿ ಷಡ್ಜ, ಕೋಮಲ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೋಮಲ ನಿಷಾದ ಎಂಬ ಐದೇ ಸ್ವರಗಳು. ಹಿಂದೂಸ್ತಾನಿ ಸಂಗೀತದ ಧಾನಿ ರಾಗ, ಕರ್ನಾಟಕ ಸಂಗೀತದ ಶುದ್ಧ ಧನ್ಯಾಸಿ ರಾಗ ಇವೇ ಐದು ಸ್ವರಗಳಿಂದ ಆದವು. ಇವುಗಳ ಜೊತೆಗೆ ಮಧ್ಯಮ, ಪಂಚಮಗಳ ನಡುವೆ ತೀವ್ರ ಮಧ್ಯಮವನ್ನು ಸೇರಿಸಿಕೊಂಡರೆ ಬ್ಲೂಸಿನ ಆರು ಸ್ವರಗಳ ಏಣಿ ಸಿದ್ಧವಾಯಿತು. ಹಾರ್ಮೋನಿಯಂ ನುಡಿಸಬಲ್ಲ ಮಲೆನಾಡಿನ ಯಾವ ಬಾಲಕನಾದರೂ, ಬಾಲಕಿಯಾದರೂ ಇದನ್ನು ಒಂದು ಸಂಜೆಯಲ್ಲಿ ಕಲಿಯಬಹುದು.

ಆದರೆ ಏಣಿಯನ್ನು ಹತ್ತಿ ಇಳಿಯುವುದೇ ಸಂಗೀತವಲ್ಲ. ಕರ್ನಾಟಕ ಸಂಗೀತದ ವಿದ್ಯಾರ್ಥಿಗೆ ಇದು ಚೆನ್ನಾಗಿ ತಿಳಿದಿದೆ. ಸ್ವರಗಳು ಒಂದೇ ಆದರೂ ನಡೆ ಬೇರೆಯಾದರೆ ರಾಗ ಬೇರೆಯಾಗುತ್ತದೆ. ಬ್ಲೂಸಿಗೂ ಅದರದೇ ಆದ ನಡೆಯಿದೆ. ಮುಖ್ಯವಾಗಿ ಅದರ ಗಾಂಧಾರವು ಕೋಮಲವೂ ಅಲ್ಲದೆ ಶುದ್ಧವೂ ಅಲ್ಲದೆ, ಎರಡರ ನಡುವೆ ಎಲ್ಲಿಯೋ ನಿಂತು ನರಳುತ್ತದೆ. ಕಂಠದಲ್ಲಿ, ಪಿಟೀಲಿನಲ್ಲಿ, ಕೊಳಲಿನಲ್ಲಿ ಆ ಎಡೆಯನ್ನು ಮುಟ್ಟಬಹುದು. ಹಾರ್ಮೋನಿಯಂ, ಪಿಯಾನೋಗಳ ಮನೆಗಳಲ್ಲಿ ಅದು ಇಲ್ಲ. ಅದಕ್ಕಾಗಿಯೇ ಪಿಯಾನೋ ನುಡಿಸುವವರು ಎರಡು ಗಾಂಧಾರಗಳನ್ನೂ ಒಂದರ ಮೇಲೊಂದು ಬೀಳುವಂತೆ ಒತ್ತಿ, ಇಲ್ಲದ ಸ್ವರದ ನೆರಳನ್ನು ಕಿವಿಗೆ ತೋರಿಸುತ್ತಾರೆ.

ಮತ್ತೊಂದು ಭೇದವೂ ಉಂಟು. ಇಲ್ಲಿನ ಸಂಗೀತದಲ್ಲಿ ತಂಬೂರಿಯ ಷಡ್ಜವು ಮೊದಲಿನಿಂದ ಕೊನೆಯವರೆಗೆ ಅಲುಗದೆ ಇರುತ್ತದೆ. ಬ್ಲೂಸಿನಲ್ಲಿ ಕಾಲ ಕೆಳಗಿನ ನೆಲವೇ ಸರಿಯುತ್ತದೆ. ನಾಲ್ಕು ಎಣಿಕೆಗಳ ಹನ್ನೆರಡು ಆವರ್ತಗಳು ಸೇರಿ 48 ಎಣಿಕೆಗಳಾದರೆ ಒಂದು ಸುತ್ತು. ಸಾಮಾನ್ಯ ರೂಪದಲ್ಲಿ ಮೊದಲ ನಾಲ್ಕು ಆವರ್ತಗಳಿಗೆ ಷಡ್ಜದ ಆಧಾರ, ಮುಂದಿನ ಎರಡಕ್ಕೆ ಮಧ್ಯಮದ ಆಧಾರ, ಮತ್ತೆ ಎರಡಕ್ಕೆ ಷಡ್ಜ, ಒಂಬತ್ತನೆಯದಕ್ಕೆ ಪಂಚಮ, ಹತ್ತನೆಯದಕ್ಕೆ ಮಧ್ಯಮ, ಕೊನೆಯ ಎರಡಕ್ಕೆ ಮರಳಿ ಷಡ್ಜ. ಹಾಡಿದರೆ ಇದು ಮೂರು ಸಾಲುಗಳ ಪದ್ಯ. ಮೊದಲ ಸಾಲು ನೋವನ್ನು ಹೇಳುತ್ತದೆ; ಎರಡನೆಯದು ಅದನ್ನೇ ಮತ್ತೆ ಹೇಳುತ್ತದೆ; ಮೂರನೆಯದು ಅದಕ್ಕೊಂದು ಉತ್ತರವನ್ನು ಕೊಡುತ್ತದೆ. ಸಾಲು ಮುಗಿದ ಮೇಲೆ ಉಳಿಯುವ ಎಡೆಯಲ್ಲಿ ವಾದ್ಯವು ಮರುನುಡಿಯುತ್ತದೆ. ಕಲಿಯುವವನು ತನ್ನ ಆರು ಸ್ವರಗಳನ್ನು ಬದಲಿಸಬೇಕಾಗಿಲ್ಲ. ಆದರೆ ಆಧಾರವು ಸರಿದಾಗ ಅವೇ ಸ್ವರಗಳ ಅರ್ಥವು ಬದಲಾಗುವುದನ್ನು ಕೇಳಿಸಿಕೊಳ್ಳಬೇಕು. ಷಡ್ಜದ ನೆಲದ ಮೇಲೆ ಅತಿಥಿಯಂತಿದ್ದ ಮಧ್ಯಮವು ಮಧ್ಯಮದ ನೆಲ ಬಂದೊಡನೆ ಮನೆಯ ಯಜಮಾನನಾಗಿಬಿಡುತ್ತದೆ.

ಹಾಗಾದರೆ ಅಭ್ಯಾಸವು ಹೇಗೆ? ಮೊದಲು ಆರು ಸ್ವರಗಳನ್ನೂ ಬಿಟ್ಟು ಮೂರನ್ನು ಮಾತ್ರ ಹಿಡಿಯುವುದು ಲೇಸು. ಮೂರೇ ಸ್ವರಗಳಿಂದ ಒಂದು ಪ್ರಶ್ನೆಯನ್ನು ಹಾಡಿ, ಸ್ವಲ್ಪ ಸುಮ್ಮನಿದ್ದು, ಅದಕ್ಕೊಂದು ಉತ್ತರವನ್ನು ಹಾಡಬೇಕು. ಸ್ವರಗಳನ್ನು ಹೆಚ್ಚಿಸುವ ಮೊದಲು ಲಯವನ್ನು ಬದಲಿಸಿ ನೋಡಬೇಕು. ಒಂದು ಎಣಿಕೆಯನ್ನು ತಡೆದು ಎತ್ತಿಕೊಂಡರೆ ಹಳೆಯ ಮಾತು ಹೊಸದಾಗುತ್ತದೆ. ಮೌನವನ್ನೂ ಒಂದು ಸ್ವರವೆಂದು ಎಣಿಸಬೇಕು. ಹೊಸಬರ ಮನೋಧರ್ಮವು ಕೆಡುವುದು ಬಹುಮಟ್ಟಿಗೆ ಸ್ವರ ತಪ್ಪಿದ್ದರಿಂದಲ್ಲ, ಬಿಡುವಿಲ್ಲದೆ ನುಡಿಸಿದ್ದರಿಂದ. ಇದರ ಜೊತೆಗೆ ಹಿರಿಯರ ವಾದನವನ್ನು ಕೇಳಿ, ಹಾಡಿಕೊಂಡು, ಅನುಕರಿಸಬೇಕು. ಅನುಕರಣೆಯು ಕೊನೆಯಲ್ಲ, ಆದರೆ ಅದಿಲ್ಲದೆ ಮೊದಲೂ ಇಲ್ಲ.

ಈ ಹಾದಿಯಲ್ಲಿ ಅವಮಾನವೂ ಇದೆ. ಜಾಝಿನ ಮಹಾವಾದಕನಾದ ಚಾರ್ಲಿ ಪಾರ್ಕರನು 1936ರಲ್ಲಿ, ಇನ್ನೂ ಹದಿಹರೆಯದವನಾಗಿದ್ದಾಗ, ಕ್ಯಾನ್ಸಸ್ ಸಿಟಿಯ ಒಂದು ಗೋಷ್ಠಿಯಲ್ಲಿ ನುಡಿಸಲು ಎದ್ದುನಿಂತು ದಾರಿ ತಪ್ಪಿದನು. ಜೋ ಜೋನ್ಸ್ ಎಂಬ ಹೆಸರಾಂತ ತಾಳವಾದಕನು ಕಂಚಿನ ತಾಳವೊಂದನ್ನು ಅವನ ಕಾಲ ಬಳಿ ಎಸೆದನೆಂದು ಪ್ರಸಿದ್ಧವಾಗಿದೆ. ನೆರೆದವರು ನಕ್ಕರು. ಹುಡುಗನು ವಾದ್ಯವನ್ನು ಕೈಬಿಡಲಿಲ್ಲ. ಮರುವರ್ಷದ ಬೇಸಗೆಯಲ್ಲಿ ಓಝಾರ್ಕ್ ಬೆಟ್ಟಗಳ ಕಡೆಗೆ ದುಡಿಯಲು ಹೋದಾಗ, ಲೆಸ್ಟರ್ ಯಂಗ್ ಎಂಬ ವಾದಕನ ಧ್ವನಿಮುದ್ರಿಕೆಗಳನ್ನು ಮತ್ತೆ ಮತ್ತೆ ಕೇಳಿ, ಸ್ವರ ಸ್ವರವಾಗಿ ಕಲಿತನು. ಹಿಂದಿರುಗಿದಾಗ ಅವನು ಬೇರೆಯೇ ವಾದಕನಾಗಿದ್ದನು.

ಕನ್ನಡನಾಡಿನಲ್ಲಿಯೂ ಇಂಥ ಒಂದು ಸಾಧನೆ ನಡೆಯಿತು. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ಜನಿಸಿದ ಕದ್ರಿ ಗೋಪಾಲನಾಥರು ನಾಗಸ್ವರ ವಾದಕರ ಮಗ. ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನಿನ ದನಿಯನ್ನು ಕೇಳಿ ಅವರು ಅದಕ್ಕೆ ಮನಸೋತರು. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸನು ನಿರ್ಮಿಸಿ 1846ರಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯವು ಕೀಲಿಗಳದು. ಒಂದೊಂದು ಕೀಲಿಗೂ ಗೊತ್ತಾದ ಒಂದು ಸ್ವರ. ಸ್ವರದಿಂದ ಸ್ವರಕ್ಕೆ ಜಾರುವ, ತೂಗುವ ಗಮಕಗಳೇ ಜೀವಾಳವಾದ ಕರ್ನಾಟಕ ಸಂಗೀತಕ್ಕೆ ಅದು ಒಗ್ಗದೆಂದು ಅನೇಕರು ಭಾವಿಸಿದ್ದರು. ಗೋಪಾಲನಾಥರು ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತು, ವಾದ್ಯಕ್ಕೆ ಕೆಲವು ಮಾರ್ಪಾಡುಗಳನ್ನು ಮಾಡಿಕೊಂಡು, ತುಟಿ ಮತ್ತು ಉಸಿರುಗಳನ್ನು ಪಳಗಿಸಿ, ಹಲವು ವರ್ಷಗಳ ಸಾಧನೆಯಿಂದ ಆ ಲೋಹದ ಕೊಳವೆಯಲ್ಲಿ ರಾಗವನ್ನು ತುಂಬಿದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕೆಯ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿಯೊಡನೆ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ಕಚೇರಿ ಮಾಡಿದರು. 2004ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. 2019ರಲ್ಲಿ ಅವರು ನಿಧನ ಹೊಂದಿದರು.

ಅವರ ವಾದನವು ಹಿಡಿದ ಇನ್ನೊಂದು ದಾರಿಯೂ ಸ್ವಾರಸ್ಯವಾದುದು. ಕರ್ನಾಟಕದಿಂದ ಹೋಗಿ ಅಮೆರಿಕೆಯಲ್ಲಿ ನೆಲೆಸಿದ ಕುಟುಂಬದ ಮಗ ರುದ್ರೇಶ್ ಮಹಾಂತಪ್ಪ. 1971ರಲ್ಲಿ ಜನಿಸಿದ ಈತ ಪಾರ್ಕರನ ಸಂಗೀತವನ್ನು ಕೇಳುತ್ತ ಬೆಳೆದು ಜಾಝ್ ಸ್ಯಾಕ್ಸೊಫೋನ್ ವಾದಕನಾದನು. ವಿದ್ಯಾರ್ಥಿಯಾಗಿದ್ದಾಗ ಅಣ್ಣನು ತಮಾಷೆಗೆಂದು ಕೊಟ್ಟ ಒಂದು ಧ್ವನಿಮುದ್ರಿಕೆಯಿಂದ ಗೋಪಾಲನಾಥರ ವಾದನವು ಅವನಿಗೆ ಪರಿಚಯವಾಯಿತು. ಮುಂದೆ ಇಬ್ಬರೂ ಕೂಡಿ ನುಡಿಸಿದ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆ 2008ರಲ್ಲಿ ಹೊರಬಂದಿತು. ಆ ಹೆಸರಿನ ಅರ್ಥ ‘ಬಂಧುಗಳು’ ಎಂದು. ಒಬ್ಬರು ಜಾಝಿನ ವಾದ್ಯದಲ್ಲಿ ರಾಗವನ್ನು ಕಂಡವರು. ಇನ್ನೊಬ್ಬರು ಜಾಝನ್ನು ಕಲಿತು ಅದರ ಮೂಲಕ ಹಿರಿಯರ ನಾಡಿನ ಸಂಗೀತದ ಕಡೆಗೆ ತಿರುಗಿದವರು. ಇಬ್ಬರಲ್ಲಿ ಯಾರೂ ತಮ್ಮದನ್ನು ಬಿಟ್ಟುಕೊಡಲಿಲ್ಲ, ಇನ್ನೊಬ್ಬರದನ್ನು ಕೇಳಿಸಿಕೊಂಡರು.

ಪುರಂದರದಾಸರು ತೀರ್ಥಹಳ್ಳಿ ಸೀಮೆಯ ಆರಗದ ಕಡೆಯವರೆಂದು ವಿದ್ವಾಂಸರ ಒಂದು ಅಭಿಪ್ರಾಯ. ಅವರು ರೂಪಿಸಿದರೆಂದು ಪರಂಪರೆಯು ಹೇಳುವ ಸರಳೆಗಳನ್ನು ಇಂದಿಗೂ ಮಕ್ಕಳು ಮಾಯಾಮಾಳವಗೌಳದಲ್ಲಿ ಕಲಿಯುತ್ತಾರೆ. ಆ ಪಾಠಗಳು ಮಕ್ಕಳನ್ನು ಸರಳೆಯಲ್ಲಿಯೇ ಇರಿಸಿಕೊಳ್ಳಲು ಹುಟ್ಟಿದವಲ್ಲ, ದಾಟಿಸಲು ಹುಟ್ಟಿದವು. ನಿಯಮವು ಸ್ವಾತಂತ್ರ್ಯದ ವೈರಿಯೆಂದು ತಿಳಿಯುವವರು ನಿಯಮವನ್ನು ಪೂರ್ಣವಾಗಿ ಕಲಿಯದವರು. ನಿಯಮವೇ ಸಂಗೀತವೆಂದು ತಿಳಿಯುವವರು ಅದನ್ನು ದಾಟಲು ಅಂಜಿದವರು.

ಈ ಅಂಜಿಕೆಗೆ ಒಂದು ಸಮಾಧಾನವುಂಟು. ಮನೋಧರ್ಮದಲ್ಲಿ ಕಾಲಿಟ್ಟ ಸ್ವರವು ತಪ್ಪೆನಿಸಿದರೆ, ಒಪ್ಪುವ ಸ್ವರವು ಬಹುಮಟ್ಟಿಗೆ ಅದರ ಪಕ್ಕದ ಮನೆಯಲ್ಲಿಯೇ ಇರುತ್ತದೆ. ತಪ್ಪಿದವನು ಅಲ್ಲಿಯೇ ನಿಂತು ನಾಚಿಕೊಂಡರೆ ತಾಳವು ಅವನನ್ನು ಬಿಟ್ಟು ಮುಂದೆ ಹೋಗುತ್ತದೆ. ನಿಲ್ಲದೆ ಪಕ್ಕಕ್ಕೆ ಸರಿದು ಮುಂದಿನ ಮಾತನ್ನು ಹೇಳಿದರೆ, ಆ ತಪ್ಪೇ ಹಿಂದಿರುಗಿ ನೋಡುವಾಗ ಒಂದು ಮೆಟ್ಟಿಲಾಗಿ ತೋರುತ್ತದೆ. ಎಲ್ಲವನ್ನೂ ಕಳೆದುಕೊಂಡವರು ಕಟ್ಟಿದ ಸಂಗೀತವು ಕಲಿಯುವವರಿಗೆ ಕೊಡುವ ಧೈರ್ಯ ಇದು: ನಿನ್ನೆಯನ್ನು ತಿದ್ದಲಾಗದು, ಆದರೆ ಅದಕ್ಕೆ ಮುಂದಿನ ಸ್ವರವನ್ನು ಜೋಡಿಸಬಹುದು.