ಚಿನ್ನದ ಊರಿಗೆ ಒಂದು ದಿನದ ಪಾಠ

ಚಳಿಗಾಲ ಬಂತೆಂದರೆ ಬೆಂಗಳೂರಿನ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ನಂದಿಬೆಟ್ಟ, ಬನ್ನೇರುಘಟ್ಟ, ಶ್ರವಣಬೆಳಗೊಳ, ಮೈಸೂರು - ಇವು ಪಟ್ಟಿಯಲ್ಲಿ ಸದಾ ಮುಂದೆ. ವೈಟ್‌ಫೀಲ್ಡಿನಿಂದ ಪೂರ್ವಕ್ಕೆ ರೈಲು ದಾರಿಯಲ್ಲಿ ಸುಮಾರು ಅರವತ್ತು ಕಿಲೋಮೀಟರ್ ಹೋದರೆ ಸಿಗುವ ಊರೊಂದು ಮಾತ್ರ ಈ ಪಟ್ಟಿಗೆ ಸೇರುವುದು ಅಪರೂಪ. ಅದು ಕೋಲಾರದ ಚಿನ್ನದ ಗಣಿಗಳ ಊರು, ಕೆಜಿಎಫ್. 2018ರಲ್ಲಿ ಬಂದ ಸಿನಿಮಾದಿಂದಾಗಿ ಈ ಹೆಸರು ಮಕ್ಕಳ ಬಾಯಲ್ಲಿದೆ. ಆದರೆ ಸಿನಿಮಾದ ಕಥೆ ಕಟ್ಟಿದ್ದು. ಊರಿನ ನಿಜವಾದ ಕಥೆ ಅದಕ್ಕಿಂತ ದೊಡ್ಡದು.

ಜನವರಿಯ ಒಂದು ಶನಿವಾರ ವೈಟ್‌ಫೀಲ್ಡ್ ಕಡೆಯ ಒಂಬತ್ತನೆಯ ತರಗತಿಯ ಮಕ್ಕಳ ತಂಡವೊಂದು, ಕೆಲವರು ತಂದೆತಾಯಂದಿರ ಜತೆಗೆ, ಮಾರಿಕುಪ್ಪಂ ಕಡೆಗೆ ಹೋಗುವ ರೈಲು ಹತ್ತಿತು. ಎದುರು ಹಳಿಯಲ್ಲಿ ಬೆಂಗಳೂರಿಗೆ ಬರುತ್ತಿದ್ದ ಗಾಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಗಿಲಲ್ಲಿ ಜೋತುಬಿದ್ದವರು, ಊಟದ ಡಬ್ಬಿ ಎದೆಗವಚಿಕೊಂಡು ನಿಂತವರು, ನಿಂತಲ್ಲೇ ತೂಕಡಿಸುವವರು. ಮಕ್ಕಳ ಗಾಡಿಯಲ್ಲಿ ಮಾತ್ರ ಕಿಟಕಿ ಪಕ್ಕದ ಜಾಗ ಬೇಕಾದಷ್ಟಿತ್ತು. ಎದುರಿನ ಗಾಡಿ ತುಂಬಿ ಬರುವುದೇಕೆ, ಈ ಗಾಡಿ ಖಾಲಿ ಹೋಗುವುದೇಕೆ? ಆ ದಿನದ ಮೊದಲ ಪ್ರಶ್ನೆ ಅದೇ ಆಯಿತು. ಉತ್ತರ ಸಿಗಲು ಸಂಜೆಯಾಯಿತು.

ದಾರಿಯಲ್ಲಿ ಕಾಣುವುದು

ದೇವನಗೊಂದಿ ದಾಟಿದ ಮೇಲೆ ಕಟ್ಟಡಗಳು ಹಿಂದೆ ಸರಿದು ಹೊಲಗಳು ಎದುರಾಗುತ್ತವೆ. ಚಳಿಗಾಲದ ಬೆಳಗಿನಲ್ಲಿ ಕೆರೆಯಂಗಳಗಳ ಮೇಲೆ ಮಂಜು ತೆಳ್ಳಗೆ ಹಾಸಿಕೊಂಡಿರುತ್ತದೆ. ಇರುಳು ದೀರ್ಘವಾಗಿ, ಆಕಾಶದಲ್ಲಿ ಮೋಡವಿಲ್ಲದಿದ್ದಾಗ ನೆಲ ತನ್ನ ಶಾಖವನ್ನೆಲ್ಲ ಬಿಟ್ಟುಕೊಟ್ಟು ಬೇಗ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ತೇವದ ಗಾಳಿಯೂ ತಂಪಾಗಿ, ಅದರಲ್ಲಿನ ನೀರಾವಿ ಸಣ್ಣ ಹನಿಗಳಾಗಿ ನಿಲ್ಲುತ್ತದೆ. ಅದೇ ಮಂಜು. ಬಿಸಿಲು ಏರಿ ನೆಲ ಬೆಚ್ಚಗಾದೊಡನೆ ಅದು ಕರಗುತ್ತದೆ. ಪಠ್ಯಪುಸ್ತಕದ ಆವೀಕರಣ ಮತ್ತು ಸಾಂದ್ರೀಕರಣದ ಪಾಠ ಕಿಟಕಿಯಾಚೆ ನಡೆಯುತ್ತಿರುತ್ತದೆ.

ಮಾಲೂರಿನಲ್ಲಿ ಮಂಜಿನ ಜತೆಗೆ ಇಟ್ಟಿಗೆ ಗೂಡುಗಳ ಹೊಗೆ ಸೇರುತ್ತದೆ. ಇಲ್ಲಿನ ಇಟ್ಟಿಗೆ, ಹೆಂಚುಗಳಿಗೆ ಬೆಂಗಳೂರಿನಲ್ಲಿ ಹಳೆಯ ಹೆಸರು. ಟೇಕಲ್ ಬಳಿ ನೋಟ ಬದಲಾಗುತ್ತದೆ: ಒಂದರ ಮೇಲೊಂದು ಪೇರಿಸಿಟ್ಟಂತೆ ದುಂಡುಬಂಡೆಗಳ ಗುಡ್ಡಗಳು. ಈ ತಿಳಿಬಣ್ಣದ ಗ್ರಾನೈಟ್ ಕಲ್ಲನ್ನು ಮಕ್ಕಳು ಗುರುತಿಟ್ಟುಕೊಳ್ಳಬೇಕು. ಮುಂದೆ ಬರುವ ಕಲ್ಲು ಬೇರೆ.

ಬಂಗಾರಪೇಟೆಯಲ್ಲಿ ಮುಖ್ಯ ಹಳಿ ಚೆನ್ನೈ ಕಡೆಗೆ ಮುಂದುವರಿದರೆ, ಒಂದು ಕವಲು ಗಣಿಗಳತ್ತ ತಿರುಗುತ್ತದೆ. ಬೌರಿಂಗ್ ಎಂಬ ಬ್ರಿಟಿಷ್ ಕಮಿಷನರರ ನೆನಪಿಗೆ ಈ ಊರು ಹಿಂದೆ ಬೌರಿಂಗ್‌ಪೇಟೆ ಆಗಿತ್ತು. ಹದಿನಾರು ಕಿಲೋಮೀಟರ್ ಉದ್ದದ ಕವಲು ಹಳಿಯಲ್ಲಿ ಕೋರಮಂಡಲ್, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂಬ ನಿಲ್ದಾಣಗಳು. ಹೆಸರುಗಳೇ ಗಣಿಗಳ ಪಟ್ಟಿಯಂತಿವೆ.

ಕರಿಕಲ್ಲಿನ ಪಟ್ಟಿ

ಉರಿಗಾಮಿನಲ್ಲಿ ತಂಡಕ್ಕೆ ಜತೆಯಾದವರು ಗಣಿಯಲ್ಲಿ ವರ್ಷಗಟ್ಟಲೆ ದುಡಿದ ಹಿರಿಯರೊಬ್ಬರು. ಕನ್ನಡ, ತಮಿಳು, ತೆಲುಗು ಮೂರೂ ಅವರಿಗೆ ಮನೆಮಾತಿನಷ್ಟೇ ಸಲೀಸು. ಆ ಊರಿನ ಬಹುತೇಕರು ಹೀಗೆಯೇ. ಮಕ್ಕಳು ಅವರನ್ನು ತಾತ ಎಂದೇ ಕರೆದರು. ಮೊದಲು ಅವರು ಕರೆದೊಯ್ದದ್ದು ಗಣಿಗಲ್ಲ, ಪೆದ್ದಪಲ್ಲಿಯ ಬಂಡೆಗಳ ಬಳಿಗೆ.

ಇಲ್ಲಿ ಕಲ್ಲಿನ ಬಣ್ಣ ಕಪ್ಪು. ಗ್ರಾನೈಟಿನ ನಡುವೆ ಉತ್ತರ-ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದ, ಕೆಲವೇ ಕಿಲೋಮೀಟರ್ ಅಗಲದ ಕರಿಕಲ್ಲಿನ ಪಟ್ಟಿಯೊಂದು ಹಾದುಹೋಗಿದೆ. ಸುಮಾರು 270 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಗಳು ಉಗುಳಿದ ಲಾವಾ ಮತ್ತು ಬೂದಿ ಗಟ್ಟಿಯಾಗಿ ಆದ ಕಲ್ಲು ಅದು. ನೀರಿನೊಳಗೆ ಹರಿದ ಲಾವಾ ಥಟ್ಟನೆ ತಣ್ಣಗಾಗಿ ದಿಂಬಿನ ಆಕಾರ ತಳೆಯುತ್ತದೆ. ಅಂಥ ದಿಂಬು ಲಾವಾ ಮತ್ತು ಜ್ವಾಲಾಮುಖಿಯ ಚೂರುಗಳು ಬೆರೆತ ಇಲ್ಲಿನ ಬಂಡೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಲಾಲ್‌ಬಾಗಿನ ಬಂಡೆಗೂ ಇದೇ ಗೌರವವಿದೆ.

ಈ ಕರಿಕಲ್ಲಿನ ಬಿರುಕುಗಳಲ್ಲಿ ಬಿಸಿನೀರು ಹರಿದು ಬೆಣಚುಕಲ್ಲಿನ ಎಳೆಗಳನ್ನು ಬಿಟ್ಟುಹೋಯಿತು. ಚಿನ್ನ ಇದ್ದದ್ದು ಆ ಎಳೆಗಳಲ್ಲಿ. ಗಣಿಯ ಆರಂಭದ ವರ್ಷಗಳಲ್ಲಿ ಒಂದು ಟನ್ ಅದಿರಿಗೆ ನಲವತ್ತು ಗ್ರಾಂಗೂ ಹೆಚ್ಚು ಚಿನ್ನ ಸಿಕ್ಕಿತು. ಕೊನೆಕೊನೆಗೆ ಅದು ಮೂರು-ನಾಲ್ಕು ಗ್ರಾಂಗೆ ಇಳಿಯಿತು. ನಾಲ್ಕು ಗ್ರಾಂ ಎಂದರೆ ಎಷ್ಟು? ಇಪ್ಪತ್ತೈದು ಕಿಲೋ ಅಕ್ಕಿಯ ಮೂಟೆಯಲ್ಲಿ ನಾಲ್ಕೈದು ಕಾಳು ಮಾತ್ರ ಚಿನ್ನ, ಉಳಿದದ್ದೆಲ್ಲ ಕಲ್ಲು ಎಂದುಕೊಂಡರೆ ಲೆಕ್ಕ ಸರಿಹೋಗುತ್ತದೆ.

ಭೂಮಿಯೊಳಗೆ ಮೂರು ಕಿಲೋಮೀಟರ್

ಇಲ್ಲಿ ಹಳ್ಳಿಯವರು ಚಿನ್ನ ಜಾಲಿಸುತ್ತಿದ್ದದ್ದು ಬಹಳ ಹಿಂದಿನಿಂದಲೂ ಇತ್ತು. 1802ರಲ್ಲಿ ಮೈಸೂರಿನ ಗಡಿ ಅಳೆಯಲು ಬಂದ ಜಾನ್ ವಾರನ್ ಅದನ್ನು ಕಂಡು ಬರೆದಿಟ್ಟ. ಆ ಬರಹ ಓದಿದ ಮೈಕೇಲ್ ಲವೆಲ್ ಎಂಬ ಸೈನಿಕ 1873ರಲ್ಲಿ ಗಣಿಗಾಗಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ. ಬೆಂಗಳೂರಿನ ಲವೆಲ್ ರಸ್ತೆಗೆ ಅವನದೇ ಹೆಸರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಕೆಲಸಕ್ಕೆ ವೇಗ ಬಂತು. ಮುಂದಿನ ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 5 ಕೋಟಿ ಟನ್ ಅದಿರಿನಿಂದ 800 ಟನ್ನಿನಷ್ಟು ಚಿನ್ನ ಹೊರಬಂತು.

ಗಣಿಗಳೊಳಗೆ ಈಗ ಪ್ರವೇಶವಿಲ್ಲ. ರಸ್ತೆಯಿಂದಲೇ ಕಾಣುವ ಕಬ್ಬಿಣದ ಎತ್ತರದ ಗೋಪುರಗಳು, ಅವುಗಳ ತುದಿಯ ರಾಟೆಗಳು ಕಥೆ ಹೇಳುತ್ತವೆ. ಬಾವಿಯ ರಾಟೆಯಂತೆಯೇ ಇದು: ರಾಟೆಯ ಮೇಲಿಂದ ಇಳಿದ ಉಕ್ಕಿನ ಹಗ್ಗಕ್ಕೆ ಕೇಜು ಕಟ್ಟಿ, ಅದರಲ್ಲಿ ಜನರನ್ನು ಇಳಿಸಿ ಅದಿರನ್ನು ಮೇಲೆತ್ತುತ್ತಿದ್ದರು. ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿಲೋಮೀಟರ್. ಊರು ಸಮುದ್ರಮಟ್ಟದಿಂದ ಒಂದು ಕಿಲೋಮೀಟರಿಗಿಂತ ಕಡಿಮೆ ಎತ್ತರದಲ್ಲಿದೆ. ಎಂದರೆ ಗಣಿಯ ತಳ ಸಮುದ್ರಮಟ್ಟಕ್ಕಿಂತ ಎರಡು ಕಿಲೋಮೀಟರಿಗೂ ಕೆಳಗೆ! ಅಲ್ಲಿ ಬಂಡೆಯ ಉಷ್ಣತೆ ಅರವತ್ತು ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಯಂತ್ರಗಳಿಂದ ತಂಪು ಮಾಡಿದ ಗಾಳಿಯನ್ನು ಕೆಳಕ್ಕೆ ತಳ್ಳದಿದ್ದರೆ ಮನುಷ್ಯರು ನಿಲ್ಲುವಂತಿರಲಿಲ್ಲ.

ಶಾಖಕ್ಕಿಂತ ದೊಡ್ಡ ಭಯ ಬಂಡೆಯದು. ಮೇಲಿನ ಮೂರು ಕಿಲೋಮೀಟರ್ ಕಲ್ಲಿನ ಭಾರ ಹೊತ್ತ ಬಂಡೆ, ಪಕ್ಕದಲ್ಲಿ ಅಗೆದು ಟೊಳ್ಳು ಮಾಡಿದಾಗ ಒತ್ತಡ ತಾಳದೆ ಸಿಡಿಯುತ್ತದೆ. ಇದನ್ನು ರಾಕ್ ಬರ್ಸ್ಟ್ ಎನ್ನುತ್ತಾರೆ. "ಮನೆಯಲ್ಲಿ ಪಾತ್ರೆ ಗಡಗಡ ಅಂದರೆ ಹೆಂಗಸರು ಬೀದಿಗೆ ಬಂದು ಗಣಿಯ ಕಡೆ ನೋಡೋರು" ಎಂದರು ತಾತ. ಕೆಳಗೆ ಯಾವ ಪಾಳಿಯಲ್ಲಿ ಯಾರಿದ್ದಾರೆಂದು ಪ್ರತಿ ಮನೆಗೂ ಗೊತ್ತಿರುತ್ತಿತ್ತು. ಬಂಡೆಯ ಸ್ವಭಾವವನ್ನು ಅಭ್ಯಾಸ ಮಾಡಲು ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ.

ಬೆಂಗಳೂರಿಗಿಂತ ಮೊದಲು ಬೆಳಕು

ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಮೊದಲು ತಲುಪಿದ್ದು ಬೆಂಗಳೂರನ್ನಲ್ಲ, ಈ ಗಣಿಗಳನ್ನು. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಕಾವೇರಿಯಿಂದ ಗಣಿಯವರೆಗೆ ಸುಮಾರು 147 ಕಿಲೋಮೀಟರ್ ಎಳೆದ ತಂತಿ ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಅಷ್ಟು ದೂರ ಸಾಗಿಸಲು ಮೂವತ್ತು ಸಾವಿರ ವೋಲ್ಟಿಗೂ ಹೆಚ್ಚಿನ ಒತ್ತಡ ಬೇಕಾಯಿತು. ಹತ್ತನೆಯ ತರಗತಿಯ ಮಕ್ಕಳು ಕಾರಣ ಹೇಳಬಲ್ಲರು: ವೋಲ್ಟೇಜನ್ನು ಎರಡರಷ್ಟು ಮಾಡಿದರೆ ಅಷ್ಟೇ ಶಕ್ತಿಯನ್ನು ಅರ್ಧ ವಿದ್ಯುತ್ ಪ್ರವಾಹದಲ್ಲಿ ಕಳಿಸಬಹುದು; ಆಗ ತಂತಿಯಲ್ಲಿ ಶಾಖವಾಗಿ ಹೋಗುವ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ.

ಗಣಿಯಿಂದ ವಿಜ್ಞಾನಕ್ಕೆ ಸಿಕ್ಕ ಇನ್ನೊಂದು ಲಾಭ ಚಿನ್ನಕ್ಕಿಂತ ಕಡಿಮೆಯದಲ್ಲ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಹಲವು ಕಣಗಳು ಹುಟ್ಟುತ್ತವೆ. ಅವುಗಳಲ್ಲಿ ನ್ಯೂಟ್ರಿನೋ ಎಂಬ ಕಣ ಯಾವ ವಸ್ತುವಿಗೂ ಸುಲಭವಾಗಿ ಸಿಕ್ಕುವುದಿಲ್ಲ; ಭೂಮಿಯನ್ನೇ ತೂರಿ ಹೋಗುತ್ತದೆ. ಉಳಿದ ಕಣಗಳ ಗದ್ದಲವಿಲ್ಲದ ಕಡೆ ಕಾದರೆ ಮಾತ್ರ ಅದರ ಸುಳಿವು ದೊರೆಯುತ್ತದೆ. ಚಾಂಪಿಯನ್ ರೀಫ್ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕಾ ಹಾಗೂ ಇಂಗ್ಲೆಂಡಿನ ಡರ್ಹ್ಯಾಮ್‌ನವರ ಜತೆಗೂಡಿ ಉಪಕರಣಗಳನ್ನು ಇಟ್ಟರು. ಬಂಡೆ ಜರಡಿಯಂತೆ ಉಳಿದ ಕಣಗಳನ್ನು ತಡೆಯಿತು. 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ಅಲ್ಲಿ ಸಿಕ್ಕಿತು. ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲೂ ಅದೇ ವರ್ಷ ಸಿಕ್ಕಿತು. ಜಗತ್ತಿನಲ್ಲಿ ಅದೇ ಮೊದಲು.

ಬೂದುಬಣ್ಣದ ದಿಬ್ಬಗಳು

ಊರಿನ ಯಾವ ಮೂಲೆಯಲ್ಲಿ ನಿಂತರೂ ಕಾಣುವುದು ಸೈನೈಡ್ ದಿಬ್ಬಗಳು. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡಿನ ತೆಳು ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ, ಸತುವನ್ನು ಬಳಸಿ ಅದನ್ನು ಮರಳಿ ಪಡೆಯುತ್ತಿದ್ದರು. ಉಳಿದ ಕಲ್ಲಿನ ಹಿಟ್ಟು ರಾಶಿ ಬಿತ್ತು. ಸುಮಾರು 3.3 ಕೋಟಿ ಟನ್ನಿನ ಈ ರಾಶಿಗಳಲ್ಲಿ ಇನ್ನೂ ಅಷ್ಟಿಷ್ಟು ಚಿನ್ನವಿದೆ. ಅದನ್ನು ತೆಗೆಯುವ ಕೇಂದ್ರದ ಯೋಜನೆಗೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಗಾಳಿಗಾಲದಲ್ಲಿ ಈ ಹಿಟ್ಟು ಎದ್ದು ಮನೆಗಳೊಳಗೆ ಬರುತ್ತದೆ. ಬೆಣಚಿನ ನಯವಾದ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಗಣಿಯೊಳಗೆ ಅದನ್ನೇ ಉಸಿರಾಡಿದ ಎಷ್ಟೋ ಕಾರ್ಮಿಕರು ಸಿಲಿಕೋಸಿಸ್‌ನಿಂದ ನರಳಿದರು.

ದಿಬ್ಬದ ಎದುರು ಮರದ ನೆರಳಲ್ಲಿ ಬುತ್ತಿ ಬಿಚ್ಚಿದಾಗ ತಾತ ಗಣಿ ಮುಚ್ಚಿದ ದಿನದ ಮಾತು ತೆಗೆದರು. 1956ರಲ್ಲಿ ರಾಜ್ಯ ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ ಬಂದ ಗಣಿಗಳು 2001ರ ಫೆಬ್ರುವರಿ 28ರಂದು ನಿಂತವು. ಒಂದು ಕಾಲಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ದುಡಿದ ಕಡೆ ಕೊನೆಗೆ ಉಳಿದಿದ್ದವರು ಕೆಲವೇ ಸಾವಿರ. ಆಸ್ಪತ್ರೆ, ನೀರು, ಮನೆ, ದೀಪ ಎಲ್ಲವೂ ಗಣಿಯದೇ ಆಗಿದ್ದರಿಂದ ಒಂದು ನಿಂತಾಗ ಎಲ್ಲವೂ ತಬ್ಬಿಬ್ಬಾದವು.

"ಗಣಿ ಮುಚ್ಚುತ್ತೆ ಅಂತ ಮೊದಲೇ ಗೊತ್ತಿರಲಿಲ್ವಾ ತಾತ?" ಎಂದು ಹುಡುಗಿಯೊಬ್ಬಳು ಕೇಳಿದಳು.

"ಗೊತ್ತಿತ್ತಮ್ಮ. ಕಲ್ಲಲ್ಲಿ ಚಿನ್ನ ಕಮ್ಮಿ ಆಗ್ತಿರೋದು ಕೆಳಗೆ ಇಳಿದೋರಿಗೆ ಗೊತ್ತಾಗದೆ ಇರುತ್ತಾ? ಆದರೆ ನಮ್ಮಪ್ಪ ಗಣಿ, ನಾನು ಗಣಿ. ಮಗನೂ ಗಣಿಗೇ ಹೋಗ್ತಾನೆ ಅಂದ್ಕೊಂಡೆ. ಬೇರೆ ಏನಾದ್ರೂ ಕಲಿಸಬೇಕು ಅಂತ ಹೊಳೀಲಿಲ್ಲ."

ಅವರ ಮಗ ಈಗ ಬೆಳಗಿನ ಜಾವ ಎದ್ದು ರೈಲು ಹಿಡಿಯುತ್ತಾನೆ. ಕೆಲಸ ವೈಟ್‌ಫೀಲ್ಡಿನಲ್ಲಿ. ಬೆಳಿಗ್ಗೆ ಎದುರು ಹಳಿಯಲ್ಲಿ ಕಂಡ ಗಾಡಿ ತುಂಬಿದ್ದೇಕೆಂದು ಮಕ್ಕಳಿಗೆ ಆಗ ತಿಳಿಯಿತು. ಗಣಿ ಮುಚ್ಚಿದ ಊರಿನಿಂದ ಪ್ರತಿದಿನ ಸಾವಿರಾರು ಜನ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಮಕ್ಕಳ ಮನೆಯ ಸುತ್ತಮುತ್ತ ಕಾವಲು ಕಾಯುವವರಲ್ಲಿ, ಕಟ್ಟಡಗಳನ್ನು ಕಟ್ಟುವವರಲ್ಲಿ, ಕಚೇರಿಗಳಲ್ಲಿ ಕಂಪ್ಯೂಟರಿನ ಮುಂದೆ ಕುಳಿತವರಲ್ಲಿ ಅವರೂ ಇದ್ದಾರೆ.

ವೈಟ್‌ಫೀಲ್ಡ್ ಕೂಡ ಹಿಂದೆ ಬೇರೆಯೇ ಆಗಿತ್ತು. 1882ರಲ್ಲಿ ಆಂಗ್ಲೋ-ಇಂಡಿಯನ್ನರು ಬೇಸಾಯ ಮಾಡಿಕೊಂಡಿರಲೆಂದು ಡಿ.ಎಸ್. ವೈಟ್ ನೆಲೆಗೊಳಿಸಿದ ಹಳ್ಳಿ ಅದು. ಇಂದು ಅಲ್ಲಿ ಒಂದೇ ಉದ್ಯಮದ ನೆರಳಲ್ಲಿ ಲಕ್ಷಾಂತರ ಸಂಸಾರಗಳಿವೆ. ಮಗು ಹುಟ್ಟಿದಾಗಲೇ ಅದರ ಓದು ಯಾವುದೆಂದು ಗೊತ್ತುಮಾಡುವವರೂ ಇದ್ದಾರೆ. ತಾತನ ಮಾತು ಕೇಳಿ ಜತೆಗಿದ್ದ ಹಿರಿಯರಲ್ಲಿ ಒಂದಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾವ ಎಳೆಯೂ ಕೊನೆಯಿಲ್ಲದ್ದಲ್ಲ. ಎಳೆ ತೀರಿದ ಮೇಲೂ ಉಳಿಯುವುದು ಹೊಸದನ್ನು ಕಲಿಯುವ ಅಭ್ಯಾಸ. ಅದನ್ನು ಕೊಡದೆ ಒಂದೇ ಕೆಲಸಕ್ಕೆ ಮಕ್ಕಳನ್ನು ತಯಾರು ಮಾಡಿದರೆ ಏನಾಗುತ್ತದೆಂಬುದಕ್ಕೆ ಇಷ್ಟು ಹತ್ತಿರದಲ್ಲಿ ಬೇರೆ ಸಾಕ್ಷಿ ಬೇಕಿಲ್ಲ.

ಹೋಗುವವರಿಗೆ

ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಬಿಸಿಲಿನ ತಾಪ ಕಡಿಮೆ, ಅಡ್ಡಾಡಲು ಹಿತ. ವೈಟ್‌ಫೀಲ್ಡ್ ರೈಲು ನಿಲ್ದಾಣಕ್ಕೆ ಹೊಂದಿಕೊಂಡೇ 2023ರಿಂದ ಮೆಟ್ರೋ ನಿಲ್ದಾಣವೂ ಇರುವುದರಿಂದ ನಗರದ ಒಳಗಿನವರಿಗೂ ಅನುಕೂಲ. ಮಾರಿಕುಪ್ಪಂ ಗಾಡಿಗಳ ವೇಳೆಯನ್ನು ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು. ಊರೊಳಗೆ ತಿರುಗಲು ಆಟೋ ಅಥವಾ ವ್ಯಾನು ಗೊತ್ತುಮಾಡಿಕೊಂಡರೆ ಒಳ್ಳೆಯದು. ಗಣಿ ಪ್ರದೇಶದ ಒಳಗೆ ಅನುಮತಿ ಇಲ್ಲದೆ ಕಾಲಿಡಬಾರದು. ಮುಚ್ಚಿದ ಗುಂಡಿಗಳು ಎಲ್ಲಿ ಕುಸಿಯುತ್ತವೆಂದು ಹೇಳಲಾಗದು. ಸೈನೈಡ್ ದಿಬ್ಬ ಹತ್ತಿ ಫೋಟೋ ತೆಗೆಸಿಕೊಳ್ಳುವ ಆಸೆ ಬೇಡ, ದೂರದಿಂದ ನೋಡಿದರೆ ಸಾಕು. ಪೆದ್ದಪಲ್ಲಿಯ ಬಂಡೆಯಿಂದ ಒಂದು ಚೂರನ್ನೂ ಒಡೆದು ತರಬಾರದು. ಕುಡಿಯುವ ನೀರು, ಟೋಪಿ, ಧೂಳಿಗೆ ಮುಖಗವಸು, ಮನೆಯ ಬುತ್ತಿ ಇರಲಿ.

ಎಲ್ಲಕ್ಕಿಂತ ಮುಖ್ಯವಾಗಿ ಗಣಿಯಲ್ಲಿ ದುಡಿದ ಹಿರಿಯರೊಬ್ಬರನ್ನು ಜತೆಗೆ ಕರೆದುಕೊಳ್ಳಿ. ಅವರ ದಿನದ ದುಡಿಮೆಗೆ ತಕ್ಕ ಗೌರವಧನ ಕೊಡಿ. ಮಕ್ಕಳ ಕೈಯಲ್ಲಿ ನೋಟ್‌ಬುಕ್ಕು, ಪೆನ್ಸಿಲ್ಲು ಇರಲಿ. ಕೆಳಗಿಳಿದು ಬಂದವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಅವರು ಹೇಳುವುದನ್ನು ಈಗಲೇ ಬರೆದಿಟ್ಟುಕೊಳ್ಳಬೇಕು.