ಜಗಳಕ್ಕೂ ಸಿಗದ ಎದುರಾಳಿ

ನಮ್ಮ ಬಳ್ಳಾರಿ ಸೀಮೆಗೆ ಇಸ್ಪೀಟು ಹೊಸದಲ್ಲ. ಭತ್ತದ ಕೊಯ್ಲು ಮುಗಿದು ಸಿರುಗುಪ್ಪದ ರೈಸ್ ಮಿಲ್ಲುಗಳಲ್ಲಿ ಲೆಕ್ಕ ಚುಕ್ತಾ ಆದ ವಾರ, ಕಾಲುವೆ ದಂಡೆಯ ಮೇಲೆ ಟವೆಲ್ ಹಾಸಿಕೊಂಡು ಕುಳಿತವರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ನಾನು ಬೆಳೆದ ಕುರುಗೋಡಿನ ಸುತ್ತಮುತ್ತಲ ಜಾತ್ರೆಗಳಲ್ಲಿ ಬೆಂಡು-ಬತ್ತಾಸಿನ ಅಂಗಡಿಗಳ ಸಾಲು ಮುಗಿದ ಮೇಲೆ, ಜಾಲಿ ಗಿಡಗಳ ಮರೆಯಲ್ಲಿ ಅಂದರ್-ಬಾಹರ್ ನಡೆಯುತ್ತಿತ್ತು. ಬಳ್ಳಾರಿ ಪೇಟೆಯಲ್ಲಿ ಉಳ್ಳವರಿಗೆ ಕ್ಲಬ್ಬುಗಳಿದ್ದವು, ಅಲ್ಲಿ ರಮ್ಮಿ. ಇವುಗಳಲ್ಲೆಲ್ಲ ಮನೆ ಹಾಳು ಮಾಡಿಕೊಂಡವರಿದ್ದಾರೆ. ಹಳೆಯ ಜೂಜನ್ನು ಹೊಗಳುವ ಇರಾದೆ ನನಗಿಲ್ಲ.

ಆದರೆ ಆ ಆಟದಲ್ಲಿ ಜಗಳಕ್ಕೆ ಜಾಗವಿತ್ತು. ಎಲೆ ಸರಿಯಾಗಿ ಕಲಸಿಲ್ಲ, ಇನ್ನೊಮ್ಮೆ ಕಲಸು ಎನ್ನಬಹುದಿತ್ತು. ಪಕ್ಕದವನಿಗೆ ಕಣ್ಸನ್ನೆ ಮಾಡಿದೆ ಎಂದು ಅಂಗಿ ಹಿಡಿಯಬಹುದಿತ್ತು. ಸೋತವನ ಮುಖ ಗೆದ್ದವನಿಗೆ ಕಾಣುತ್ತಿತ್ತು. 'ಸಾಕು ಏಳಪ್ಪ, ಮನೆಗೆ ಹೋಗು' ಎಂದು ಬಸ್ ಚಾರ್ಜ್ ಕೈಗಿಟ್ಟು ಕಳಿಸುವವನೂ ಅದೇ ಗುಂಪಿನಲ್ಲಿ ಒಬ್ಬ ಇರುತ್ತಿದ್ದ. ಮೊಬೈಲಿನಲ್ಲಿ ಬಂದ ರಮ್ಮಿ ಎಲೆಗಳನ್ನು ಹಾಗೆಯೇ ಉಳಿಸಿಕೊಂಡು ಈ ಜಗಳವನ್ನು ತೆಗೆದುಹಾಕಿತು. ಅದರಿಂದ ಏನಾಯಿತು ಎಂಬುದನ್ನು ಹತ್ತಿರದಿಂದ ನೋಡಿದವನು ನಾನು.

ಸಿರುಗುಪ್ಪದ ಬಸ್ ನಿಲ್ದಾಣದ ಹತ್ತಿರ ನನ್ನ ತಮ್ಮನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ಸಂಜೆ ಹೊತ್ತು ಅಲ್ಲಿ ಕುಳಿತುಕೊಳ್ಳುವುದು ನನ್ನ ರೂಢಿ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಇಂಟರ್‌ನೆಟ್ ಅಗ್ಗವಾಯಿತಲ್ಲ, ಅದಾದ ಎರಡು ಮೂರು ವರ್ಷಗಳಲ್ಲಿ ಅಂಗಡಿಗೆ ಹೊಸ ಬಗೆಯ ಗಿರಾಕಿಗಳು ಬರತೊಡಗಿದರು. ಅವರ ಫೋನು ಕೆಟ್ಟಿರುತ್ತಿರಲಿಲ್ಲ. 'ಅಣ್ಣ, ನೆಟ್ ಸೆಟ್ಟಿಂಗ್ ಒಂಚೂರು ನೋಡು, ಡಿಕ್ಲೇರ್ ಮಾಡೋ ಟೈಮಿಗೇ ಕಟ್ ಆಗ್ತೈತಿ' ಎನ್ನುತ್ತಿದ್ದರು. ಹಮಾಲರು, ಟ್ರ್ಯಾಕ್ಟರ್ ಓಡಿಸುವವರು, ಮಿಲ್ಲಿನ ಗುಮಾಸ್ತರು, ಕಾಲೇಜು ಹುಡುಗರು. ಒಬ್ಬರಿಗೊಬ್ಬರು ಗುರುತಿಲ್ಲದಿದ್ದರೂ ಅಂಗಡಿಯ ಬೆಂಚಿನ ಮೇಲೆ ಅವರದೇ ಒಂದು ಜಮಾತು ಆಗಿಬಿಟ್ಟಿತ್ತು. ಅವರನ್ನು ಒಟ್ಟುಗೂಡಿಸಿದ್ದು ಗೆಲುವಲ್ಲ, ದೂರು.

ಆ ದೂರುಗಳನ್ನು ಕೇಳಿ ಕೇಳಿ ಆಟವೇ ನನಗೆ ಅರ್ಥವಾಗಿಹೋಯಿತು. ಒಬ್ಬೊಬ್ಬರಿಗೆ ಹದಿಮೂರು ಎಲೆ. ಜೋಕರ್ ಇಲ್ಲದ ಒಂದು ಸಾಲಾದರೂ ಕೂಡಿಬರಬೇಕು. ಅದು ಕೂಡುವ ಮೊದಲೇ ಎದುರಿನವನು ಡಿಕ್ಲೇರ್ ಮಾಡಿದರೆ ಕೈಯಲ್ಲಿರುವ ಅಷ್ಟೂ ಎಲೆಗಳ ಪಾಯಿಂಟು ಮೈಮೇಲೆ, ಹೆಚ್ಚೆಂದರೆ ಎಂಬತ್ತು. ಮೊದಲೇ ಕೈಬಿಟ್ಟರೆ ಇಪ್ಪತ್ತು, ನಡುವೆ ಬಿಟ್ಟರೆ ನಲವತ್ತು. ಎಲೆ ಎಸೆಯಲು ಕೆಲವೇ ಸೆಕೆಂಡುಗಳ ಸಮಯ. ಕರೆಂಟು ಹೋಗಿ ಟವರು ಸತ್ತರೆ ಯಂತ್ರವೇ ನಿಮ್ಮ ಪರವಾಗಿ ಆಡಿಬಿಡುತ್ತದೆ, ಸೋಲು ಮಾತ್ರ ನಿಮ್ಮದು. ಇದು ಒಂದನೆಯ ದೂರು. ಒಂದೇ ಕೋಣೆಯಲ್ಲಿ ಕುಳಿತ ಇಬ್ಬರು ಬೇರೆ ಬೇರೆ ಹೆಸರಿನಲ್ಲಿ ಒಂದೇ ಟೇಬಲ್ಲಿಗೆ ಬಂದು ಮೂರನೆಯವನನ್ನು ಹಿಂಡುತ್ತಾರೆ ಎಂಬುದು ಎರಡನೆಯದು. ಗೆದ್ದ ಹಣ ತೆಗೆಯಲು ಹೋದರೆ ಪ್ಯಾನ್ ಕಾರ್ಡ್ ಕೊಡು, ಫೋಟೊ ಕೊಡು ಎಂದು ದಿನ ದೂಡುತ್ತಾರೆ. ಹಾಕುವಾಗ ಮಾತ್ರ ಏನೂ ಕೇಳುವುದಿಲ್ಲ ಎಂಬುದು ಮೂರನೆಯದು. ಎಲ್ಲಕ್ಕಿಂತ ದೊಡ್ಡದು ನಾಲ್ಕನೆಯದು: 'ಎದುರಿಗೆ ಕುಂತೋನು ಮನುಷ್ಯಾನೇ ಅಲ್ಲ ಸಾರ್, ಕಂಪ್ಯೂಟರು.'

ನಮ್ಮದು ಗಡಿ ತಾಲೂಕು. ಸಿರುಗುಪ್ಪದಿಂದ ಆಚೆ ಸ್ವಲ್ಪ ದೂರ ಹೋದರೆ ಆಂಧ್ರದ ಕರ್ನೂಲು ಜಿಲ್ಲೆ. 2020ರ ಸೆಪ್ಟೆಂಬರಿನಲ್ಲಿ ಆಂಧ್ರ ಸರಕಾರ ಹಣದ ಆನ್‌ಲೈನ್ ರಮ್ಮಿಯನ್ನು ನಿಷೇಧಿಸಿದಾಗ ಆ ಕಡೆಯ ಹುಡುಗರು ಬೈಕ್ ಹತ್ತಿ ಈ ಕಡೆ ಬಂದು ಆಡಿದ್ದನ್ನು ನೋಡಿದ್ದೇನೆ. ಮುಂದಿನ ವರ್ಷ ಕರ್ನಾಟಕವೂ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2021ರ ಅಕ್ಟೋಬರ್ 5ರಿಂದ ಅದು ಜಾರಿಯಾಯಿತು, ಬೆಂಚು ಖಾಲಿಯಾಯಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಬೆಂಚು ಮತ್ತೆ ತುಂಬಿತು.

ರದ್ದಾದದ್ದಕ್ಕೆ ಆಧಾರ ಒಂದು ಹಳೆಯ ಮಾತು. 1967ರಲ್ಲಿ, ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ, ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಯಬೇಕು, ಹಾಗಾಗಿ ಇದು ಬರೀ ಅದೃಷ್ಟವಲ್ಲ ಎಂಬುದು ಅದರ ತರ್ಕ. ತಪ್ಪೇನಿಲ್ಲ. ಆದರೆ ಆಟ ನಡೆಸುವವನು ಪಣದ ಹಣದಿಂದ ಲಾಭ ಮಾಡಿಕೊಳ್ಳುತ್ತಿದ್ದರೆ ಅದು ಅಪರಾಧವಾಗಬಹುದು ಎಂಬ ಮಾತೂ ಅದೇ ತೀರ್ಪಿನಲ್ಲಿತ್ತು. ಜಾಹೀರಾತುಗಳು ಮೊದಲನೆಯ ಮಾತನ್ನು ಮಾತ್ರ ಊರೂರಿಗೆ ಸಾರಿದವು.

ಈ 'ಕೌಶಲ' ಎಂಬ ಪದ ಕೋರ್ಟಿನಲ್ಲಿ ಕಂಪನಿಗಳನ್ನು ಉಳಿಸಿತು. ಅದೇ ಪದ ಮನೆಯೊಳಗೆ ಏನು ಮಾಡಿತು ಎನ್ನುವುದನ್ನು ನನ್ನ ಅಕ್ಕನ ಮಗನಿಂದ ತಿಳಿದೆ.

ಅವನು ಬಳ್ಳಾರಿಯ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ಹತ್ತನೆಯ ತರಗತಿಯವರೆಗೆ ಲೆಕ್ಕದಲ್ಲಿ ಚುರುಕು. ಬಟ್ಟೆಯ ಥಾನು ನೋಡಿದರೆ ಎಷ್ಟು ಪ್ಯಾಂಟು ಬರುತ್ತದೆ ಎಂದು ಬಾಯಲ್ಲೇ ಹೇಳುತ್ತಾನೆ. 2024ರ ಬಕ್ರೀದ್ ಹಿಂದಿನ ವಾರ ಅಕ್ಕ ಪೆಟ್ಟಿಗೆ ತೆಗೆದರೆ ಎರಡೆಳೆ ಸರ ಇರಲಿಲ್ಲ. ಅದು ಅಡವಾಗಿತ್ತು. ಮೂರು ಸಾಲದ ಆ್ಯಪ್‌ಗಳಲ್ಲೂ ಬಾಕಿ ಇತ್ತು. ಎಲ್ಲ ಸೇರಿ ಮೂರು ಲಕ್ಷ ದಾಟಿತ್ತು. ಅಕ್ಕ ಅತ್ತು ಕರೆದು, ತಾಯಂದಿರು ಕೇಳುವ ಪ್ರಶ್ನೆಯನ್ನೇ ಕೇಳಿದಳು: 'ನಿನಗೇನು ಬುದ್ಧಿ ಇಲ್ವಾ?'

ಅವನು ಎದ್ದು ಹೋಗಿ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ನನ್ನ ಕೈಗೆ ಕೊಟ್ಟ. ಒಂದೂವರೆ ವರ್ಷದ ಆಟ ಅದರಲ್ಲಿತ್ತು. ತಾರೀಖು, ಹೊತ್ತು, ಬಿದ್ದ ಹದಿಮೂರು ಎಲೆ, ಜೋಕರ್ ಯಾವುದು, ಎದುರಾಳಿಯ ಹೆಸರು, ಆಗ ಫೋನಿನಲ್ಲಿ ಎಷ್ಟು ಗೆರೆ ಸಿಗ್ನಲ್ ಇತ್ತು ಎಂಬುದೂ ಸೇರಿದಂತೆ ಎಲ್ಲ. ಅನುಮಾನ ಬಂದ ಆಟಗಳ ಪಕ್ಕ ಕೆಂಪು ಗುರುತು. ಮೂರು ಆಟ ಗೆದ್ದ ಮೇಲೆ ನಾಲ್ಕನೆಯದರಲ್ಲಿ ಒಂದೂ ಸಾಲು ಕೂಡುವುದಿಲ್ಲ, ನೋಡಿ. ಈ ಹೆಸರಿನವನು ರಾತ್ರಿ ಎರಡಕ್ಕೂ ಇದ್ದ, ಬೆಳಿಗ್ಗೆ ಆರಕ್ಕೂ ಇದ್ದಾನೆ, ನಿದ್ದೆ ಮಾಡಲ್ವಾ? ಕಂಪನಿಗೆ ಬರೆದ ದೂರು, ಬಂದ ಉತ್ತರ, ಅದನ್ನೂ ಬರೆದಿಟ್ಟಿದ್ದ. ಉತ್ತರಗಳೆಲ್ಲ ಒಂದೇ ಅಚ್ಚಿನವು: ತಮಗಾದ ತೊಂದರೆಗೆ ವಿಷಾದ, ನಮ್ಮ ಎಲೆ ಹಂಚಿಕೆ ಪ್ರಮಾಣಿತ, ಮುಂದಿನ ಆಟಕ್ಕೆ ಶುಭಾಶಯ. ಜೊತೆಗೊಂದು ಬೋನಸ್.

'ಮಾಮು, ನಾನು ದಡ್ಡ ಅಲ್ಲ' ಎಂದ. 'ಅದನ್ನ ತೋರಿಸ್ಬೇಕಿತ್ತು, ಅಷ್ಟೇ.'

ಆ ನೋಟ್‌ಬುಕ್ಕನ್ನು ನಾನು ಎರಡು ದಿನ ಓದಿದೆ. ಅವನು ಆಡಿದ್ದು ಬಹುತೇಕ ಇಬ್ಬರ ಟೇಬಲ್ಲಿನಲ್ಲಿ. ಗೆದ್ದದ್ದೂ ಸೋತದ್ದೂ ಹೆಚ್ಚುಕಡಿಮೆ ಸರಿಸಮ. ಅಂದರೆ ಅವನು ನಿಜಕ್ಕೂ ದಡ್ಡನಲ್ಲ. ಹಾಗಾದರೆ ಹಣ ಹೋದದ್ದೆಲ್ಲಿ? ಪ್ರತಿ ಆಟದಲ್ಲೂ ಗೆದ್ದವನ ಹಣದಿಂದ ಕಂಪನಿ ನೂರಕ್ಕೆ ಹತ್ತರಷ್ಟು ತನ್ನ ಪಾಲು ಹಿಡಿಯುತ್ತಿತ್ತು. ಲೆಕ್ಕ ಮಾಡಿ ನೋಡಿ. ಮೇಜಿನ ಮೇಲೆ ನೂರು ರೂಪಾಯಿ ಇದೆ, ಅಷ್ಟನ್ನೂ ಪ್ರತಿ ಸುತ್ತಿನಲ್ಲಿ ಪಣಕ್ಕಿಟ್ಟು ಸಮಾನ ಜಾಣರಿಬ್ಬರು ಆಡುತ್ತಾರೆ. ಮೊದಲ ಸುತ್ತಿಗೆ ತೊಂಬತ್ತು, ಎರಡನೆಯದಕ್ಕೆ ಎಂಬತ್ತೊಂದು, ಏಳನೆಯ ಸುತ್ತು ಮುಗಿಯುವಾಗ ಮೇಜಿನ ಮೇಲೆ ನಲವತ್ತೆಂಟೂ ಉಳಿದಿರುವುದಿಲ್ಲ. ಯಾರೂ ಮೋಸ ಮಾಡಲಿಲ್ಲ, ಯಾರ ನೆಟ್ಟೂ ಹೋಗಲಿಲ್ಲ. ಆದರೂ ಇಬ್ಬರ ಜೇಬೂ ತೂತು. 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿನ ಮೇಲೆ ಶೇಕಡಾ 30ರಷ್ಟು ಆದಾಯ ತೆರಿಗೆಯನ್ನು ಮೂಲದಲ್ಲೇ ಹಿಡಿಯತೊಡಗಿದರು. ಅಕ್ಟೋಬರ್ 1ರಿಂದ ಹಾಕುವ ಹಣದ ಮೇಲೆ ಶೇಕಡಾ 28ರಷ್ಟು ಜಿಎಸ್‌ಟಿ. ನೂರು ಹಾಕಿದರೆ ಎಪ್ಪತ್ತೆಂಟು ಆಟಕ್ಕೆ, ಉಳಿದದ್ದಕ್ಕೆ ಬೋನಸ್ ಎಂದು ಅವನೇ ಬರೆದುಕೊಂಡಿದ್ದ. ಆ ಪುಟದಲ್ಲಿ ಕೆಂಪು ಗುರುತು ಇರಲಿಲ್ಲ. ಅವನ ಕಣ್ಣೆಲ್ಲ ಎಲೆಗಳ ಮೇಲಿತ್ತು.

ಇಲ್ಲಿಯೇ ನನಗೆ 'ಕೌಶಲ' ಎಂಬ ಪದದ ಕೆಡುಕು ಕಂಡದ್ದು. ಮಟ್ಕಾ ಆಡಿ ಸೋತವನು ನಸೀಬು ಕೆಟ್ಟಿತು ಎನ್ನುತ್ತಾನೆ. ನಸೀಬು ಕೆಟ್ಟರೆ ಅವಮಾನವಿಲ್ಲ. ಜಾಣರ ಆಟ ಎಂದು ಹೇಳಿ ಕೂರಿಸಿದ ಆಟದಲ್ಲಿ ಸೋತವನಿಗೆ ಎರಡೇ ದಾರಿ: ನಾನು ದಡ್ಡ ಎಂದು ಒಪ್ಪಿಕೊಳ್ಳಬೇಕು, ಇಲ್ಲವೇ ನನಗೆ ಮೋಸವಾಗಿದೆ ಎಂದು ಸಾಬೀತು ಮಾಡಬೇಕು. ನಮ್ಮ ಹುಡುಗರು ಎರಡನೆಯದನ್ನು ಹಿಡಿದರು. ಸಾಬೀತು ಮಾಡಲು ಇನ್ನೊಂದು ಆಟ ಆಡಬೇಕಿತ್ತು. ದೂರುತ್ತಲೇ ಆಡಿದರು, ಆಡುತ್ತಲೇ ದೂರಿದರು. ಅಂಗಡಿಯ ಬೆಂಚಿನ ಮೇಲೆ ಅತಿ ಹೆಚ್ಚು ಬೈಯುತ್ತಿದ್ದವನೇ ಅತಿ ಹೆಚ್ಚು ಆಡುತ್ತಿದ್ದ. ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ಜನ ನಕ್ಕರು. ನನಗೆ ಹಾಗನ್ನಿಸಲಿಲ್ಲ. ಅವನು ಕಳೆದುಕೊಂಡ ಮಾನವನ್ನು ಹುಡುಕುತ್ತಿದ್ದ.

ಆ ಅನುಮಾನಗಳೆಲ್ಲ ಹುರುಳಿಲ್ಲದವು ಎಂದೂ ಹೇಳುವಂತಿಲ್ಲ. 2025ರ ನವೆಂಬರಿನಲ್ಲಿ ಜಾರಿ ನಿರ್ದೇಶನಾಲಯವು ಹಣದ ಆಟಗಳ ಒಂದು ಕಂಪನಿಯ ಮೇಲೆ ಇಂಥದೇ ಆರೋಪ ಹೊರಿಸಿತು: ಆಟಗಾರರಿಗೆ ತಿಳಿಸದೆ ಅವರನ್ನು ಯಂತ್ರದ ಎದುರು ಆಡಿಸಲಾಗಿದೆ ಎಂದು. ಆರೋಪ ಆರೋಪವೇ, ತೀರ್ಪಲ್ಲ. ಆದರೆ ಪತ್ರಿಕೆಯಲ್ಲಿ ಆ ಸುದ್ದಿ ಓದಿದಾಗ ಹಮಾಲರ ಹುಡುಗನೊಬ್ಬ ವರ್ಷಗಳ ಹಿಂದೆ ಆಡಿದ್ದ ಮಾತು ನೆನಪಾಯಿತು. ಅವನ ಮಾತನ್ನು ಆಗ ಕೇಳಿಸಿಕೊಳ್ಳುವ ಒಂದು ಕಚೇರಿ, ಒಬ್ಬ ಅಧಿಕಾರಿ ನಮ್ಮ ತಾಲೂಕಿನಲ್ಲಿ ಇರಲಿಲ್ಲ. ಬ್ಯಾಂಕಿನ ಚೆಕ್ಕು ವಾಪಸಾದರೆ, ತೂಕದಲ್ಲಿ ಮೋಸವಾದರೆ ಎಲ್ಲಿಗೆ ಹೋಗಬೇಕೆಂದು ನಮ್ಮ ಜನರಿಗೆ ಗೊತ್ತಿತ್ತು. ಇಲ್ಲಿ ಪೊಲೀಸರ ಬಳಿ ಹೋದರೆ 'ಆಡೋಕೆ ಹೇಳಿದ್ದು ಯಾರು?' ಎಂಬ ಪ್ರಶ್ನೆಯೇ ಮೊದಲು ಬರುತ್ತದೆಂದು ಅವರು ಹೆದರಿದರು.

ಜೂಜು ಮನುಷ್ಯರ ನಡುವೆ ಹಗೆಯನ್ನು ಬಿತ್ತುತ್ತದೆ ಎಂದು ಕುರ್‌ಆನ್ ಎಚ್ಚರಿಸುತ್ತದೆ. ಅದರಲ್ಲಿ ಜನರಿಗೆ ಒಂದಿಷ್ಟು ಲಾಭವಿದ್ದರೂ ಕೆಡುಕೇ ದೊಡ್ಡದು ಎಂಬುದನ್ನೂ ಮುಚ್ಚಿಡುವುದಿಲ್ಲ. ಮಹಾಭಾರತದ ಧರ್ಮರಾಯನೂ ದಡ್ಡನಾಗಿರಲಿಲ್ಲ. ಪ್ರತಿ ಸೋಲೂ ಅವನನ್ನು ಮುಂದಿನ ಪಣಕ್ಕೆ ಎಳೆಯಿತು. ಆದರೆ ಅವನೆದುರು ಶಕುನಿ ಕುಳಿತಿದ್ದ, ಸುತ್ತ ಸಭೆಯಿತ್ತು. ಎದುರು ಯಾರೂ ಇಲ್ಲದಾಗ ಆ ಹಗೆ ಎಲ್ಲಿಗೆ ಹೋಗುತ್ತದೆ? ನಾನು ಕಂಡಂತೆ ಮನೆಗೇ ಬರುತ್ತದೆ. ಹೆಂಡತಿಯ ಮೇಲೆ, ತಾಯಿಯ ಮೇಲೆ, ಕೊನೆಗೆ ತನ್ನ ಮೇಲೆಯೇ ತಿರುಗುತ್ತದೆ.

2025ರ ಆಗಸ್ಟ್ 20ರಂದು ಲೋಕಸಭೆ, ಮರುದಿನ ರಾಜ್ಯಸಭೆ ಆನ್‌ಲೈನ್ ಗೇಮಿಂಗ್ ಮಸೂದೆಯನ್ನು ಅಂಗೀಕರಿಸಿದವು. 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ ಎಂಬ ವಾದವನ್ನೇ ಬದಿಗಿಟ್ಟು, ಹಣವಿಟ್ಟು ಆಡಿಸುವುದನ್ನೇ ಅದು ನಿಷೇಧಿಸಿತು. ಆಡಿಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆಡಿದವರಿಗೆ ಶಿಕ್ಷೆಯಿಲ್ಲ, ಅವರನ್ನು ನೊಂದವರೆಂದೇ ಪರಿಗಣಿಸಲಾಯಿತು. ಅದು ಒಳ್ಳೆಯ ಮಾತು. ಕಂಪನಿಗಳು ಕೋರ್ಟಿನ ಮೆಟ್ಟಿಲೇರಿದವು. ದೊಡ್ಡ ಆ್ಯಪ್‌ಗಳಲ್ಲಿ ಹಣದ ಟೇಬಲ್ಲುಗಳು ನಿಂತವು. ಅಳಿಯನ ಖಾತೆಯಲ್ಲಿ ಉಳಿದಿದ್ದ ನೂರ ಎಂಬತ್ತು ರೂಪಾಯಿ ಬ್ಯಾಂಕಿಗೆ ವಾಪಸ್ ಬಂತು.

ವಾರದೊಳಗೆ ಅವನ ಫೋನಿಗೆ ಇನ್ನೊಂದು ಲಿಂಕ್ ಬಂತು. ಯಾವುದೋ ದೇಶದ ಆ್ಯಪ್, ತೆರಿಗೆ ಇಲ್ಲ, ಪ್ಯಾನ್ ಕೇಳಲ್ಲ. ಅದನ್ನು ತೆರೆಯದೆ ನನಗೆ ತೋರಿಸಿದ. ಕಾನೂನು ಬಾಗಿಲು ಮುಚ್ಚಬಲ್ಲದು. ಸೋತವನೊಳಗೆ ಉಳಿದಿರುವ 'ಒಂದೇ ಒಂದು ಆಟ' ಎಂಬುದನ್ನು ಮುಚ್ಚಲು ಕಾನೂನಿಗೆ ಆಗದು. ಅದು ಮನೆಯವರ, ನೆರೆಹೊರೆಯವರ ಕೆಲಸ.

ಹಾಗಾಗಿ ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯಲ್ಲಿ ಒಬ್ಬ ಹುಡುಗ ಸೋತು ಬಂದು ನಿಂತರೆ 'ಬುದ್ಧಿ ಇಲ್ವಾ' ಎಂದು ಕೇಳಬೇಡಿ. ಅವನನ್ನು ಮತ್ತೆ ಟೇಬಲ್ಲಿಗೆ ಕಳಿಸುವುದು ಆ ಪ್ರಶ್ನೆಯೇ. ಅವನ ದೂರನ್ನು ಪೂರ್ತಿ ಕೇಳಿ, ಮೋಸವಾಗಿದೆ ಎಂದರೆ ಆಗಿರಬಹುದು ಎನ್ನಿ. ಆಮೇಲೆ ಕಾಗದ-ಪೆನ್ನು ಹಿಡಿದು ಕಂಪನಿಯ ಪಾಲಿನ ಲೆಕ್ಕವನ್ನು ಅವನ ಕೈಯಿಂದಲೇ ಮಾಡಿಸಿ. ಲೆಕ್ಕ ಬಲ್ಲವನಿಗೆ ಲೆಕ್ಕದಲ್ಲಿ ಕಂಡ ಸತ್ಯ ಬೈಗುಳಕ್ಕಿಂತ ಬೇಗ ನಾಟುತ್ತದೆ.

ಈಗ ಶನಿವಾರ ಶನಿವಾರ ಪೀಸ್ ಲೆಕ್ಕದ ಕೂಲಿ ಬಂದಾಗ ಅಕ್ಕ, ಅಳಿಯ ಇಬ್ಬರೂ ಕುಳಿತು ಅದನ್ನು ಹಂಚುತ್ತಾರೆ. ಸಾಲದ ಆ್ಯಪ್‌ಗಳ ಬಾಕಿ ತೀರಿದೆ. ಸರ ಇನ್ನೂ ಬ್ಯಾಂಕಿನಲ್ಲೇ ಇದೆ, ನಾಲ್ಕು ಕಂತು ಉಳಿದಿವೆ. ಅಕ್ಕ ಅದರ ಸುದ್ದಿ ಎತ್ತುವುದಿಲ್ಲ. ಅವನೇ ಪ್ರತಿ ತಿಂಗಳು ರಸೀದಿ ತಂದು ಅವಳ ಪೆಟ್ಟಿಗೆಯಲ್ಲಿಡುತ್ತಾನೆ.