ಡಾಕ್ಟರಿಗೆ ಹೇಳದ ಎರಡು ಗ್ಲಾಸು

ಮುಟ್ಟು ನಿಂತ ಮೇಲೆ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವ ಹೆಂಗಸರು ನಮ್ಮಲ್ಲಿ ಕಡಿಮೆ. ಮಾತ್ರೆಯ ಜೊತೆಗೆ ರಾತ್ರಿ ವೈನನ್ನೂ ಕುಡಿಯುವವರು ಇನ್ನೂ ಕಡಿಮೆ ಎಂದು ನಾವೆಲ್ಲ ನಂಬಿದ್ದೇವೆ. ನಾನು ಎರಡನ್ನೂ ಮಾಡುತ್ತಿದ್ದೆ. ವೈನಿನ ವಿಷಯ ಡಾಕ್ಟರಿಗೆ ಹೇಳಲಿಲ್ಲ. ಹೇಳದೆ ಹೋದದ್ದರಿಂದ ಅವರು ಕೊಟ್ಟ ಔಷಧ ನನ್ನ ನಿಜವಾದ ದೇಹಕ್ಕೆ ಕೊಟ್ಟದ್ದಾಗಲಿಲ್ಲ, ನಾನು ಹೇಳಿದ ಸುಳ್ಳಿಗೆ ಕೊಟ್ಟದ್ದಾಯಿತು.

ಬ್ಯಾಂಕಿನ ಕೌಂಟರಿನಲ್ಲಿ ಕೂತಿರುವಾಗ ಎದೆಯಿಂದ ಬಿಸಿ ಎದ್ದು ಕುತ್ತಿಗೆಗೆ, ಮುಖಕ್ಕೆ ಏರುತ್ತಿತ್ತು. ಬೆನ್ನೆಲ್ಲ ತೊಯ್ದು ಹೋಗುತ್ತಿತ್ತು. ಗಾಜಿನ ಆಚೆ ನಿಂತವರು "ಮೇಡಂ, ಹುಷಾರಿಲ್ವಾ?" ಎಂದು ಕೇಳುತ್ತಿದ್ದರು. ರಾತ್ರಿಯಂತೂ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತುತ್ತಿರಲಿಲ್ಲ. ನಮ್ಮ ಯಜಮಾನರು ಸಂಜೆ ಒಂದು ಪೆಗ್ಗು ವಿಸ್ಕಿ ಹಾಕಿಕೊಳ್ಳುವವರು. ಅವರ ಜೊತೆ ಅಪರೂಪಕ್ಕೆ ಅರ್ಧ ಗ್ಲಾಸು ವೈನ್ ಕುಡಿಯುತ್ತಿದ್ದವಳು ನಿದ್ದೆಯ ಆಸೆಗೆ ದಿನಾ ಕುಡಿಯತೊಡಗಿದೆ. ಅದು ಒಂದು ಗ್ಲಾಸಾಯಿತು, ಎರಡಾಯಿತು. ಅತ್ತೆ ಮಲಗಿದ ಮೇಲೆ ಕುಡಿಯುವುದು, ಗ್ಲಾಸು ತೊಳೆದು ಒರೆಸಿ ಕಪಾಟಿಗೆ ಸೇರಿಸುವುದು. ಕುಡಿದ ತಕ್ಷಣ ನಿದ್ದೆ ಬರುತ್ತಿತ್ತು. ಅಷ್ಟು ಸಾಕಾಗಿತ್ತು ನನಗೆ.

ಡಾಕ್ಟರ ಹತ್ತಿರ ಹೋದಾಗ ಅತ್ತೆಯೂ ಜೊತೆಗಿದ್ದರು. ಡಾಕ್ಟರು ಬಿಪಿ ನೋಡಿದರು, ಮ್ಯಾಮೋಗ್ರಾಂ ಮಾಡಿಸಿದರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು ಉಂಟಾ, ಮೈಗ್ರೇನ್ ಉಂಟಾ, ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಬಂದಿತ್ತಾ ಎಂದು ಒಂದೊಂದಾಗಿ ವಿಚಾರಿಸಿದರು. ಕೊನೆಗೆ ಬರೆಯುತ್ತಲೇ, "ಸಿಗರೇಟು, ಡ್ರಿಂಕ್ಸು ಏನೂ ಇಲ್ಲ ಅಲ್ವಾ?" ಎಂದರು. "ಇಲ್ಲ ಮೇಡಂ" ಅಂದೆ. ಪ್ರಶ್ನೆಯೇ ಆ ಉತ್ತರವನ್ನು ಬಾಯಿಗೆ ತಂದಿಟ್ಟಿತ್ತು. ಆದರೂ ಹೇಳಿದವಳು ನಾನು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಸುಮಾರು ಶೇ. 19 ಮಂದಿ ಕುಡಿಯುತ್ತಾರೆ, ಹೆಂಗಸರಲ್ಲಿ ಸುಮಾರು ಶೇ. 1. ಆ ಒಂದರ ಲೆಕ್ಕ ನೋಡಿದಾಗೆಲ್ಲ ನನಗೆ ಅತ್ತೆ ಪಕ್ಕದಲ್ಲಿದ್ದ ಆ ಕುರ್ಚಿ ನೆನಪಾಗುತ್ತದೆ. ಸಮೀಕ್ಷೆಯವರು ನನ್ನ ಮನೆಗೆ ಬಂದಿದ್ದರೂ ನನ್ನ ಉತ್ತರ ಬೇರೆಯಾಗುತ್ತಿರಲಿಲ್ಲ.

ಎಸ್ಟ್ರಾಡಯೋಲ್ 1 ಮಿಲಿಗ್ರಾಂ ಮಾತ್ರೆ, ಮಲಗುವಾಗ ಪ್ರೊಜೆಸ್ಟರಾನ್ 100 ಮಿಲಿಗ್ರಾಂ ಬರೆದುಕೊಟ್ಟರು. ಗರ್ಭಕೋಶ ಇರುವವರಿಗೆ ಎಸ್ಟ್ರಾಡಯೋಲಿನಂಥ ಈಸ್ಟ್ರೊಜೆನ್ ಒಂದನ್ನೇ ಕೊಟ್ಟರೆ ಒಳಪದರ ದಪ್ಪವಾಗುತ್ತ ಹೋಗುತ್ತದೆ, ಅದನ್ನು ತಡೆಯಲು ಪ್ರೊಜೆಸ್ಟರಾನ್ ಬೇಕು. ಎರಡನ್ನೂ ರಾತ್ರಿ ಊಟವಾದ ಮೇಲೆ, ವೈನ್ ಮುಗಿಸಿ ನುಂಗುತ್ತಿದ್ದೆ. ಹಗಲಿನ ಬಿಸಿ ಕೆಲವೇ ವಾರಗಳಲ್ಲಿ ತಗ್ಗಿತು. ರಾತ್ರಿಯದ್ದು ತಗ್ಗಲಿಲ್ಲ. ಎದೆ ಭಾರವಾಗಿ ನೋಯುತ್ತಿತ್ತು, ಬೆಳಿಗ್ಗೆ ತಲೆ ಎತ್ತಲಾಗುತ್ತಿರಲಿಲ್ಲ. ಒಂದು ರಾತ್ರಿ ಬಚ್ಚಲಿಗೆ ಹೋದವಳು ಕಣ್ಣು ಕತ್ತಲಿಟ್ಟು ಬಿದ್ದೆ. ಪ್ರೊಜೆಸ್ಟರಾನ್ ಮಾತ್ರೆಗೆ ಮಂಪರು ತರಿಸುವ ಗುಣವಿದೆ, ಮಲಗುವ ಹೊತ್ತಿಗೆ ಕೊಡುವುದೇ ಅದಕ್ಕಾಗಿ. ದೇಹದಲ್ಲಿ ಅದು ಒಡೆದು ಹುಟ್ಟುವ ಒಂದು ವಸ್ತು ಮಿದುಳಿನಲ್ಲಿ ಕೆಲಸ ಮಾಡುವುದೂ ಮದ್ಯ ಕೆಲಸ ಮಾಡುವುದೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಎರಡೂ ಕೂಡಿದರೆ ಮಂಪರು ಇಮ್ಮಡಿಯಾಗುತ್ತದೆ. ಚೀಟಿಯ ಮೇಲೆ ಮದ್ಯ ಬೇಡವೆಂದು ಬರೆದಿತ್ತು. ಓದಿದ್ದೆ. ಅದು ಕುಡುಕರಿಗೆ ಬರೆದದ್ದು ಎಂದುಕೊಂಡೆ.

ಬಿದ್ದದ್ದನ್ನು ಡಾಕ್ಟರಿಗೆ ಹೇಳಲಿಲ್ಲ, ಯಾಕೆಂದರೆ ಅದರ ಹಿಂದೆಯೇ ಮುಂದಿನ ಪ್ರಶ್ನೆ ಬರುತ್ತಿತ್ತು. ರಾತ್ರಿ ಬಿಸಿ ಏರಿ ಎಚ್ಚರವಾಗುವುದನ್ನಷ್ಟೇ ಹೇಳಿದೆ. ಅವರು ತಮಗೆ ಗೊತ್ತಿದ್ದಷ್ಟರ ಮೇಲೆ ಸರಿಯಾಗಿಯೇ ಯೋಚಿಸಿ ಎಸ್ಟ್ರಾಡಯೋಲನ್ನು 2 ಮಿಲಿಗ್ರಾಂಗೆ ಏರಿಸಿದರು. ಆಮೇಲೆ ರಕ್ತಸ್ರಾವ ಶುರುವಾಯಿತು. ಮುಟ್ಟು ನಿಂತ ಹೆಂಗಸಿಗೆ ರಕ್ತ ಕಂಡರೆ ಯಾವ ಡಾಕ್ಟರೂ ಸುಮ್ಮನಿರುವುದಿಲ್ಲ. ಸ್ಕ್ಯಾನ್ ಆಯಿತು, ಒಳಪದರ ಇರಬೇಕಾದ್ದಕ್ಕಿಂತ ದಪ್ಪ ಇತ್ತು. ಅರಿವಳಿಕೆ ಕೊಟ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕೆಂದರು.

ನಿಜ ಹೇಳಿಸಿದವರು ಅರಿವಳಿಕೆಯ ಡಾಕ್ಟರು, ನನ್ನ ಮಗನ ವಯಸ್ಸಿನ ಹುಡುಗ. ಬೇರೆ ಯಾರೂ ಇರದ ಕೋಣೆಯಲ್ಲಿ, ಹಲ್ಲು ಅಲುಗಾಡುತ್ತಾ ಎಂದು ಕೇಳಿದ ಅದೇ ದನಿಯಲ್ಲಿ, "ಆಲ್ಕೋಹಾಲು ವಾರಕ್ಕೆ ಎಷ್ಟು ತಗೋತೀರಮ್ಮ?" ಎಂದು ಕೇಳಿದರು. ತಗೋತೀರಾ ಎಂದಲ್ಲ, ಎಷ್ಟು ಎಂದು. ದಿನಕ್ಕೆ ಎರಡು ಗ್ಲಾಸು ವೈನ್ ಎಂದು ಹೇಳಿಬಿಟ್ಟೆ. ಅವರು ತಲೆ ಎತ್ತದೆ ಬರೆದುಕೊಂಡರು. ಆ ಹಾಳೆ ನನ್ನ ಡಾಕ್ಟರ ಮೇಜಿಗೆ ಹೋಯಿತು.

ಅವರು ಬೈಯುತ್ತಾರೆಂದು ಕಾದಿದ್ದೆ, ಬೈಯಲಿಲ್ಲ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ವಿವರಿಸಿದರು. ನುಂಗಿದ ಎಸ್ಟ್ರಾಡಯೋಲ್ ಕರುಳಿನಿಂದ ನೇರ ಯಕೃತ್ತಿಗೆ ಹೋಗುತ್ತದೆ. ಅದರ ಹೆಚ್ಚಿನ ಪಾಲನ್ನು ಯಕೃತ್ತು ಈಸ್ಟ್ರೋನ್ ಎಂಬ ಸೌಮ್ಯ ರೂಪಕ್ಕೆ ತಿರುಗಿಸುತ್ತದೆ. ಮದ್ಯವನ್ನು ಕರಗಿಸುವ ಕೆಲಸವೂ ಅದೇ ಯಕೃತ್ತಿನದು. ಆ ಕೆಲಸ ನಡೆಯುವಾಗ ಹಾರ್ಮೋನನ್ನು ತಿರುಗಿಸುವ ಕೆಲಸ ನಿಧಾನವಾಗುತ್ತದೆ, ರಕ್ತದಲ್ಲಿ ಎಸ್ಟ್ರಾಡಯೋಲ್ ಏರಿ ನಿಲ್ಲುತ್ತದೆ. 1996ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ಜಾಮಾದಲ್ಲಿ ಬಂದ ಒಂದು ಅಧ್ಯಯನದಲ್ಲಿ, ಎಸ್ಟ್ರಾಡಯೋಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದ ಹೆಂಗಸರಿಗೆ ಮದ್ಯ ಕೊಟ್ಟಾಗ ಆ ಹಾರ್ಮೋನಿನ ಪ್ರಮಾಣ ಮೂರು ಪಟ್ಟಿನಷ್ಟು ಏರಿತ್ತು. ಹಾರ್ಮೋನ್ ತೆಗೆದುಕೊಳ್ಳದ ಹೆಂಗಸರಲ್ಲಿ ಹಾಗೆ ಏರಲಿಲ್ಲ. ಅದು ಸಣ್ಣ ಅಧ್ಯಯನ, ಹಾರ್ಮೋನ್ ಪಡೆದವರು 12 ಮಂದಿ, ಕೊಟ್ಟ ಮದ್ಯವೂ ನಾನು ಕುಡಿಯುತ್ತಿದ್ದುದಕ್ಕಿಂತ ತುಸು ಹೆಚ್ಚು. ನನ್ನ ರಕ್ತಸ್ರಾವಕ್ಕೆ ವೈನೇ ಕಾರಣವೆಂದು ಡಾಕ್ಟರು ಹೇಳಲಿಲ್ಲ. ಡೋಸು ಏರಿಸಿದಾಗ ಸುಮ್ಮನೆಯೂ ಹೀಗಾಗುತ್ತದೆ. "ಆದರೆ ನಾನು ಬರೆದದ್ದು ಒಂದು ಡೋಸು, ನಿಮ್ಮ ರಕ್ತದಲ್ಲಿ ಎಷ್ಟು ಓಡಾಡ್ತಿತ್ತೋ ನನಗೆ ಗೊತ್ತಿರಲಿಲ್ಲವಲ್ಲ" ಎಂದರು. ಆ ಮಾತು ಬೈಗುಳಕ್ಕಿಂತ ಆಳಕ್ಕೆ ಇಳಿಯಿತು.

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಲಕಿತು. ವೈನ್ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಎಷ್ಟೋ ಹೆಂಗಸರಲ್ಲಿ ಬಿಸಿ ಏರಿಸುವುದೇ ಅದು. ಬೇಗ ನಿದ್ದೆ ಬರಿಸಿದರೂ, ಅದರ ಅಮಲು ಇಳಿಯುವ ರಾತ್ರಿಯ ಎರಡನೇ ಅರ್ಧದಲ್ಲಿ ನಿದ್ದೆಯನ್ನು ಅದೇ ಒಡೆಯುತ್ತದೆ. ಯಾವ ಎರಡು ಗಂಟೆಯ ಎಚ್ಚರಕ್ಕೆ ಹೆದರಿ ಕುಡಿಯುತ್ತಿದ್ದೆನೋ, ಯಾವ ಎಚ್ಚರವನ್ನು ಹೇಳಿ ಡೋಸು ಏರಿಸಿಕೊಂಡೆನೋ, ಅದನ್ನು ಪ್ರತಿ ರಾತ್ರಿ ನಾನೇ ಗ್ಲಾಸಿಗೆ ಬಗ್ಗಿಸಿಕೊಳ್ಳುತ್ತಿದ್ದೆ.

ಸ್ತನ ಕ್ಯಾನ್ಸರಿನ ಮಾತನ್ನೂ ಅವರು ಬಿಡಿಸಿ ಹೇಳಿದರು. ದಿನಕ್ಕೆ 10 ಗ್ರಾಂ ಮದ್ಯಸಾರ ಒಳಗೆ ಹೋದರೆ ಆ ಅಪಾಯ ಸುಮಾರು ಶೇ. 7ರಿಂದ 10ರಷ್ಟು ಏರುತ್ತದೆ. 150 ಮಿಲಿ ವೈನಿನಲ್ಲಿ ಸುಮಾರು 15 ಗ್ರಾಂ ಇರುತ್ತದೆ, 30 ಮಿಲಿ ವಿಸ್ಕಿಯಲ್ಲಿ ಸುಮಾರು 10. ವೈನ್ ಹಗುರ, ವಿಸ್ಕಿ ಭಾರ ಎಂದು ಯಜಮಾನರಿಗೆ ಉಪದೇಶ ಮಾಡುತ್ತಿದ್ದವಳು ನಾನು! ಇನ್ನು ಈಸ್ಟ್ರೊಜೆನ್ ಜೊತೆ ಪ್ರೊಜೆಸ್ಟರಾನ್ ಬಗೆಯ ಔಷಧ ಕೂಡಿಸಿ ಕೊಟ್ಟ ಅಮೆರಿಕದ ದೊಡ್ಡ ಪ್ರಯೋಗವನ್ನು 2002ರಲ್ಲಿ ನಡುವೆಯೇ ನಿಲ್ಲಿಸಿದರು. ಅಲ್ಲಿ ವರ್ಷಕ್ಕೆ 10,000 ಹೆಂಗಸರಲ್ಲಿ 8 ಸ್ತನ ಕ್ಯಾನ್ಸರ್ ಹೆಚ್ಚಾಗಿ ಕಂಡಿತ್ತು. ಅಲ್ಲಿ ಕೊಟ್ಟದ್ದು ನನ್ನ ಮಾತ್ರೆಗಳನ್ನಲ್ಲ, ಏರಿಕೆಯೂ ಸಣ್ಣದು. ನನ್ನಂಥವರು ಆ ಸಣ್ಣ ಅಪಾಯವನ್ನು ಒಪ್ಪಿಕೊಳ್ಳುವುದು ನಿದ್ದೆ ಬರಲಿ, ಮೂಳೆ ಗಟ್ಟಿಯಾಗಿರಲಿ ಎಂದು. ಆದರೆ ಒಪ್ಪಿಕೊಳ್ಳುವಾಗ ನಾನು ಎರಡರಲ್ಲಿ ಒಂದು ಅಪಾಯವನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದೆ.

ಪರೀಕ್ಷೆಯ ವರದಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ವರದಿ ಬರುವವರೆಗೆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಡಾಕ್ಟರು ಮಾತ್ರೆ ಬದಲಿಸಿ ತೋಳಿಗೆ ಹಚ್ಚುವ ಜೆಲ್ ಕೊಟ್ಟರು. ಚರ್ಮದಿಂದ ಸೀದಾ ರಕ್ತಕ್ಕೆ ಸೇರುವುದರಿಂದ ಅದಕ್ಕೆ ಮೊದಲು ಯಕೃತ್ತನ್ನು ಹಾದು ಬರುವ ಕಾಟವಿಲ್ಲ. ಹಾಗಂತ ಜೆಲ್ ಹಚ್ಚಿ ಕುಡಿಯಬಹುದೆಂದು ಅರ್ಥವಲ್ಲ, ಸ್ತನದ ಅಪಾಯ, ನಿದ್ದೆ, ಮೂಳೆಯ ಲೆಕ್ಕ ಬದಲಾಗುವುದಿಲ್ಲ ಎಂದು ಎಚ್ಚರಿಸಿದರು. ಹೆಚ್ಚು ಕುಡಿಯುವವರು ತಾವಾಗಿ ಒಮ್ಮೆಲೇ ನಿಲ್ಲಿಸಬಾರದು, ಕೈ ನಡುಕದಿಂದ ಹಿಡಿದು ಫಿಟ್ಸ್‌ವರೆಗೆ ಹೋಗಬಹುದು, ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದಂಥ ಕಡೆ ತೋರಿಸಬೇಕು ಎಂದೂ ಹೇಳಿದರು. ವೈನ್ ಬಿಟ್ಟಾಗ ನನಗೆ ಆ ಕಷ್ಟ ಬರಲಿಲ್ಲ. ಆದರೂ ಮೊದಲ ವಾರಗಳು ಕೆಟ್ಟದಾಗಿದ್ದವು. ಅತ್ತೆ ಮಲಗಿದ ಮೇಲಿನ ಆ ಹೊತ್ತಿಗೆ ಏನು ಮಾಡಬೇಕೆಂದೇ ತೋಚುತ್ತಿರಲಿಲ್ಲ. ಯಜಮಾನರು ತಮ್ಮ ಪೆಗ್ಗನ್ನು ಶನಿವಾರಕ್ಕೆ ಇಳಿಸಿದರು, ನಾನು ಕೇಳದೆಯೇ. ರಾತ್ರಿಯ ಬಿಸಿ ಮೆಲ್ಲಗೆ ತಗ್ಗಿತು, ಡಾಕ್ಟರು ಜೆಲ್ಲನ್ನು ಕಡಿಮೆ ಪ್ರಮಾಣದಲ್ಲೇ ಮುಂದುವರಿಸಿದ್ದಾರೆ.

ಈಗ ಮೈಸೂರಿನಲ್ಲಿರುವ ತಂಗಿಗೆ ಅದೇ ಬಿಸಿ ಶುರುವಾಗಿದೆ. ಅವಳಿಗೂ ಆಫೀಸಿನವರ ಜೊತೆ ವೈನ್ ರೂಢಿಯಿದೆ, ನನಗೆ ಗೊತ್ತು. ಫೋನಿನಲ್ಲಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಡಾಕ್ಟರ ಹತ್ರ ಇವರೂ ಬರ್ತಾರಕ್ಕ. ಇವರ ಎದುರಿಗೆ ಹೇಗೆ ಹೇಳ್ಲಿ?" ಅಂದಳು. ಅವರನ್ನು ಮನೆಯಲ್ಲೇ ಬಿಟ್ಟು ಬಾ, ಗುರುವಾರ ರಜೆ ಹಾಕಿ ನಾನೇ ಬರುತ್ತೇನೆ, ಡಾಕ್ಟರ ಕೋಣೆಯ ಹೊರಗೆ ಕೂತಿರುತ್ತೇನೆ ಎಂದಿದ್ದೇನೆ.